ಸಾಚಾ ಚೆಂಡು

ಎಲ್ಲ ಶುರುವಾದದ್ದು ಒಂದು ಟವೆಲಿನಿಂದ.

ಫುಟ್‌ಬಾಲ್ ಲೀಗ್ ಫೈನಲ್ಲಿನ ಪೆನಾಲ್ಟಿ ಹೊಡೆತಗಳ ಹೊತ್ತಿಗೆ ಕೋಸ್ಟಲ್ ಕಿಂಗ್ಸ್ ತಂಡದ ಗೋಲ್‌ಕೀಪರ್ ಪ್ರತಿ ಸಲವೂ ಬಲೆಯ ಮೂಲೆಯಲ್ಲಿಟ್ಟಿದ್ದ ಬಿಳಿ ಟವೆಲಿಗೆ ಗ್ಲೌಸು ತಿಕ್ಕಿಕೊಂಡು ಬಂದು ನಿಂತ. ಆಮೇಲೆ ಡೆಕ್ಕನ್ ಟೈಗರ್ಸ್‌ನವರು ಹೊಡೆದ ಚೆಂಡುಗಳೆಲ್ಲ ಬೆಲ್ಲಕ್ಕೆ ನೊಣ ಅಂಟಿದ ಹಾಗೆ ಅವನ ಕೈಗೆ ಅಂಟಿಕೊಂಡವು. ಕಿಂಗ್ಸ್‌ನವರು ಕಪ್ ಎತ್ತಿದರು. ಬ್ಯಾಡಗಿಯ ಖಾರದಪುಡಿ ವ್ಯಾಪಾರಿ ಶಶಿಕಾಂತನ ಬಿ.ಪಿ.ಯೂ ಕಪ್ಪಿನ ಜೊತೆಗೇ ಮೇಲೆದ್ದಿತು.

ಶಶಿಕಾಂತ ಜನ್ಮದಲ್ಲಿ ಚೆಂಡು ಒದ್ದವನಲ್ಲ. ಅವನ ಹೊಟ್ಟೆ ಅದಕ್ಕೆ ಅವಕಾಶ ಕೊಟ್ಟಿರಲಿಲ್ಲ. ಆದರೂ ಟೈಗರ್ಸ್ ಅಂದರೆ ಅವನಿಗೆ ಪ್ರಾಣ. ಅಂಗಡಿಯ ಗಲ್ಲಾದ ಮೇಲೆ ದೇವರ ಫೋಟೋದ ಪಕ್ಕದಲ್ಲೇ ತಂಡದ ಫೋಟೋ ಇತ್ತು, ಇಬ್ಬರಿಗೂ ಒಂದೇ ಊದಿನಕಡ್ಡಿ. ಪಕ್ಕದ ಮೊಬೈಲ್ ಅಂಗಡಿಯ ಕಲ್ಲೇಶ, ಯಾರ ಜಗಳಕ್ಕಾದರೂ ಎಣ್ಣೆ ಸುರಿಯುವುದೇ ಸಮಾಜಸೇವೆ ಎಂದು ನಂಬಿದವನು, ಆ ಟವೆಲಿಗೆ ಕೆಂಪು ಸುತ್ತು ಹಾಕಿ, ವಿಡಿಯೋ ನಿಧಾನ ಮಾಡಿ ಅಭಿಮಾನಿಗಳ ವಾಟ್ಸಾಪ್ ಗುಂಪಿಗೆ ಹಾಕಿದ.

“ಗೋಂದು! ಟವೆಲಿಗೆ ಗೋಂದು ಹಚ್ಯಾರ!” ಎಂದು ಶಶಿಕಾಂತ ಗಿರಾಕಿಗಳ ಮುಂದೆಯೇ ಕೂಗಾಡಿದ. “ಇದು ಆಟ ಅಲ್ಲ, ದರೋಡೆ! ಆಡೋ ಸಾಮಾನಿನ್ಯಾಗ ಕಲಬೆರಕಿ ಮಾಡೋರನ್ನ ಊರ ನಡುವ ನಿಲ್ಲಿಸಿ ಉಗೀಬೇಕು!”

ರಾಣೆಬೆನ್ನೂರಿನ ಅಸ್ಲಮ್ ಕಿಂಗ್ಸ್ ಕಡೆಯವನು. ಅವನು ಗುಂಪಿನಲ್ಲಿ ತಣ್ಣಗೆ ಬರೆದ: “ಅಣ್ಣಾ, ಮಳಿ ಬರಾಕತ್ತಿತ್ತು, ಕೈ ಒರಿಸ್ಕೊಂಡಾನ. ಸೋತೋರಿಗೂ ಕಣ್ಣೀರು ಒರಿಸ್ಕೊಳ್ಳಾಕ ಟವೆಲ್ ಬೇಕಾಗತೇತಿ. ಒಂದು ಕಳಸ್ಲೇನು?”

ಇದನ್ನು ಓದಿ ಶಶಿಕಾಂತನಿಗೆ ಅನ್ನ ಗಂಟಲಿಗಿಳಿಯಲಿಲ್ಲ. ಕೊನೆಗೆ ಭಾನುವಾರ ಹಾವೇರಿಯ ಮೈದಾನದಲ್ಲಿ ಎರಡೂ ಊರಿನ ಅಭಿಮಾನಿಗಳು ತಾವೇ ಆಡಿ ತೀರ್ಮಾನಿಸುವುದೆಂದಾಯಿತು. ಸೋತವರು ಗುಂಪಿನಲ್ಲಿ ತಪ್ಪೊಪ್ಪಿಗೆ ಹಾಕಬೇಕು. ಶಶಿಕಾಂತ ತನ್ನನ್ನು ತಾನೇ ಬ್ಯಾಡಗಿ ತಂಡದ ಮ್ಯಾನೇಜರ್ ಮಾಡಿಕೊಂಡು ಕರಾರು ಹಾಕಿದ: ಯಾರೂ ಟವೆಲ್ ತರಕೂಡದು, ಗೋಲ್‌ಕೀಪರ್ ಗ್ಲೌಸು ಹಾಕಕೂಡದು, ಚೆಂಡು ಮಾತ್ರ ತನ್ನ ವಶದಲ್ಲೇ ಇರಬೇಕು.

“ಚೀಲದ ಬಾಯಿ ನಾನ ಕಟ್ಟತೇನಿ, ಮೈದಾನದಾಗ ನಾನ ಬಿಚ್ಚತೇನಿ. ನಡುವ ಯಾವ ಮಗನೂ ಮುಟ್ಟೂಹಂಗಿಲ್ಲ!”

ಅಸ್ಲಮ್ ಎಲ್ಲದಕ್ಕೂ ಹೂಂ ಅಂದ.

ಭಾನುವಾರ ಬೆಳಿಗ್ಗೆ ಶಶಿಕಾಂತ ಹಿತ್ತಲಿನ ನಲ್ಲಿಯ ಕೆಳಗೆ ಕೂತು ಟೈಗರ್ಸ್ ಬಣ್ಣದ ಕೆಂಪು ಚೆಂಡನ್ನು ಸಾಬೂನು ಹಚ್ಚಿ, ಎಳೆಮಗುವಿಗೆ ಎರೆಯುವ ಹಾಗೆ ಎರೆಯುತ್ತಿದ್ದ. ಹೆಂಡತಿ ನಿರ್ಮಲಾ ಬಾಗಿಲಲ್ಲಿ ನಿಂತು ನೋಡಿದಳು.

“ಮದುವಿ ಆಗಿ ಇಷ್ಟ ವರ್ಷ ಆತು, ಒಂದ ದಿನ ನಿಮ್ಮ ಮಗನ ಮೈ ತೊಳದೀರೇನು? ಇರ್ಲಿ. ಚೆಂಡಿನ ನ್ಯಾಯ ಆಮ್ಯಾಲೆ. ಶಮಶೇರಸಾಬರು ಇವತ್ತ ಹೇಳತೇನಿ ಅಂದಾರ, ನೆನಪೈತೇನು?”

ನೆನಪಿಲ್ಲದೆ ಏನು? ಶಮಶೇರಸಾಬರಿಗೆ ರಾಣೆಬೆನ್ನೂರು, ಹಾವೇರಿ ಎರಡೂ ಕಡೆ ಬಿರಿಯಾನಿ ಹೋಟೆಲುಗಳಿದ್ದವು. ಅವರ ವರ್ಷದ ಖಾರದಪುಡಿಯ ಆರ್ಡರು ಸಿಕ್ಕರೆ ಶಶಿಕಾಂತನ ಅಂಗಡಿ ದಡ ಸೇರಿದಂತೆ. ಸಿಗದಿದ್ದರೆ ದೀಪಾವಳಿಯೊಳಗೆ ಬಾಡಿಗೆ ಗಿರಣಿ ಬಿಟ್ಟುಕೊಡಬೇಕಾಗಿತ್ತು. ಸ್ಯಾಂಪಲ್ಲಿಗೆಂದು ಅವನು ಅಪ್ಪಟ ಬ್ಯಾಡಗಿ ಮೆಣಸಿನಕಾಯಿಯನ್ನೇ ತೊಟ್ಟು ಬಿಡಿಸಿ ಕುಟ್ಟಿಸಿ ಕಳಿಸಿದ್ದ. ಒಂದೇ ತೊಡಕೆಂದರೆ, ಅಸ್ಲಮ್ ಆ ಶಮಶೇರಸಾಬರ ಮಗ.

“ಅವರ ಮಗನ ಜೋಡಿ ಜಗಳಾ ತಗದು ಅನ್ನದಾಗ ಮಣ್ಣ ಹಾಕ್ಕೋಬ್ಯಾಡ್ರಿ,” ಎಂದಳು ನಿರ್ಮಲಾ.

“ವ್ಯಾಪಾರ ಬ್ಯಾರೆ, ನ್ಯಾಯ ಬ್ಯಾರೆ. ಲಗೂ ಒಂದು ಚೀಲಾ ಕೊಡು.”

ನಿರ್ಮಲಾ ಅಂಗಡಿಯ ಹಿಂದಿನ ಕೋಣೆಗೆ ಹೋಗಿ ಕೈಗೆ ಸಿಕ್ಕ ಖಾಲಿ ಚೀಲ ತಂದು ಎಸೆದಳು. ಅಷ್ಟರಲ್ಲಿ ಕಲ್ಲೇಶನ ಫೋನು ಬಂತು, ಟವೆಲಿನ ಇನ್ನೊಂದು ವಿಡಿಯೋ ಸಿಕ್ಕಿದೆಯೆಂದು. ಶಶಿಕಾಂತ ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು, “ಮೋಸಗಾರರು! ಹಲ್ಕಟ್ಟುಗಳು!” ಎನ್ನುತ್ತಲೇ ಒದ್ದೆ ಚೆಂಡನ್ನು ಚೀಲಕ್ಕಿಳಿಸಿ, ಬಾಯಿಗೆ ಬಿಗಿಯಾಗಿ ಹಗ್ಗ ಕಟ್ಟಿದ. ಚೀಲ ಯಾವುದೆಂದು ನೋಡಲಿಲ್ಲ.

ಹಾವೇರಿ ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲೆ ಅಪ್ಪಿಕೊಂಡು ಕೂತ. ಪಕ್ಕದಲ್ಲಿ ಅಗಡಿಯ ಗದಿಗೆವ್ವ ಎಂಬ ಮುದುಕಿ. ಬಸ್ಸು ಗುಂಡಿಗೆ ಬಿದ್ದು ಎದ್ದಾಗಲೆಲ್ಲ ಅವಳು ಸೀನುತ್ತಿದ್ದಳು.

“ಏನ್ ತುಂಬೀಯೋ ಎಪ್ಪಾ ಈ ಚೀಲದಾಗ?”

“ಸಾಚಾತನ ತುಂಬೇನಿ, ಆಯೀ. ಇವತ್ತ ಹಾವೇರಿ ಮಂದಿಗೆ ತೋರಸತೇನಿ.”

“ಭಾಳ ಘಾಟ ಐತಿ ಬಿಡು ನಿನ್ನ ಸಾಚಾತನ,” ಎಂದು ಗದಿಗೆವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ಶಶಿಕಾಂತನಿಗೆ ಯಾವ ಘಾಟೂ ತಿಳಿಯಲಿಲ್ಲ. ಖಾರದಪುಡಿ ವ್ಯಾಪಾರಿಯ ಮೂಗು ವ್ಯಾಪಾರಕ್ಕಿಳಿದ ಮೊದಲ ವರ್ಷವೇ ಸತ್ತಿರುತ್ತದೆ.

ಮೈದಾನದಲ್ಲಿ ಜನ ಕೂಡಿದ್ದರು. ರೆಫರಿ ನಿವೃತ್ತ ಡ್ರಿಲ್ ಮಾಸ್ತರ ಮಲ್ಲಿಕಸಾಬರು. ಒಂದು ಮೂಲೆಯಲ್ಲಿ ಕುರ್ಚಿ ಹಾಕಿಸಿಕೊಂಡು, ಎಲೆಅಡಿಕೆ ಮೆಲ್ಲುತ್ತ ಶಮಶೇರಸಾಬರು ಕೂತಿದ್ದರು. ಶಶಿಕಾಂತ ಅವರಿಗೆ ನಡು ಬಗ್ಗಿಸಿ ನಮಸ್ಕಾರ ಮಾಡಿ, ನಡು ನೆಟ್ಟಗೆ ಮಾಡುತ್ತಲೇ ಅವರ ಮಗನನ್ನು ದುರುಗುಟ್ಟಿ ನೋಡಿ, ಮೈದಾನದ ನಡುವೆ ಭಾಷಣಕ್ಕೆ ನಿಂತ.

“ಎಲ್ಲಾರೂ ನೋಡ್ರಿ! ಮನ್ಯಾಗ ಕಟ್ಟಿದ ಹಗ್ಗ, ಇಲ್ಲೀತನಕ ಯಾರೂ ಮುಟ್ಟಿಲ್ಲ. ಈ ಚೆಂಡಿನ್ಯಾಗ ಏನರ ಮೋಸ ಇದ್ದರ ಅದಕ್ಕ ನಾ ಒಬ್ಬನ ಜವಾಬ್ದಾರಿ!”

ಕಲ್ಲೇಶ ಅದನ್ನು ವಿಡಿಯೋ ಮಾಡಿಕೊಂಡ. ಆಟ ಶುರುವಾಯಿತು.

ಬ್ಯಾಡಗಿಯವರ ಮೊದಲನೆಯ ಹೊಡೆತವನ್ನು ರಾಣೆಬೆನ್ನೂರಿನ ಗೋಲಿಗೆ ನಿಂತಿದ್ದ ಅಸ್ಲಮ್ ಬರಿಗೈಯಲ್ಲೇ ಸೊಗಸಾಗಿ ಹಿಡಿದ. ಚೆಂಡು ಆಚೆ ಎಸೆದು, ಮುಖದ ಬೆವರನ್ನು ಅಂಗೈಯಿಂದ ಒರೆಸಿಕೊಂಡ. ಟವೆಲ್ ತರಕೂಡದಲ್ಲ! ಮರುಗಳಿಗೆಯಲ್ಲಿ “ಯಾ ಅಲ್ಲಾ!” ಎಂದು ಕಿರುಚಿ ಎರಡೂ ಕಣ್ಣು ಮುಚ್ಚಿಕೊಂಡು ಕುಣಿಯತೊಡಗಿದ. ಅವನು ಕುಣಿಯುತ್ತಿದ್ದಾಗಲೇ ಬ್ಯಾಡಗಿಯವರು ಚೆಂಡನ್ನು ನಿಧಾನವಾಗಿ ಬಲೆಯೊಳಗೆ ಉರುಳಿಸಿದರು.

“ಗೋಲ್!” ಎಂದ ಶಶಿಕಾಂತ.

“ಮೋಸ!” ಎಂದಿತು ರಾಣೆಬೆನ್ನೂರು. “ಚೆಂಡಿಗೆ ಏನೋ ಹಚ್ಯಾರ! ಖಾರ ಹಚ್ಯಾರ!”

ಮಲ್ಲಿಕಸಾಬರು ಚೆಂಡಿನ ಮೇಲೆ ಬೆರಳಾಡಿಸಿ ನಾಲಿಗೆಗೆ ಮುಟ್ಟಿಸಿಕೊಂಡರು. “ಏನೋ ಚುರುಚುರು ಅಂತೇತಿ. ಆದ್ರ ತಂಬಾಕ ತಿಂದು ಸತ್ತ ನಾಲಿಗಿ ನಂದು, ಖಾತ್ರಿ ಹೇಳಾಕ ಬರಂಗಿಲ್ಲ.”

ಎಲ್ಲರ ಕಣ್ಣು ಚೀಲದ ಕಡೆ ತಿರುಗಿತು. ಶಶಿಕಾಂತನೂ ಆಗಲೇ ಮೊದಲ ಸಲ ಚೀಲವನ್ನು ನೋಡಿದ. ಚೀಲದ ಅಂಚಿಗೆ ಹಸಿರು ದಾರದ ಹೊಲಿಗೆಯಿತ್ತು.

ಹಸಿರು ದಾರ ಅವನೇ ಹೊಲಿಸಿದ ಗುರುತು. ಅಂಗಡಿಯ ಹೊರಗೆ ‘ಅಪ್ಪಟ ಬ್ಯಾಡಗಿ, ಕಲಬೆರಕೆ ಇಲ್ಲ’ ಎಂಬ ಬೋರ್ಡು. ಹಿಂದಿನ ಕೋಣೆಯಲ್ಲಿ ಹಸಿರು ದಾರದ ಚೀಲಗಳು, ಅವುಗಳಲ್ಲಿ ಅಗ್ಗದ ಗುಂಟೂರು ಮೆಣಸಿನಕಾಯಿ ಕೂಡಿಸಿದ ಪುಡಿ. ಬ್ಯಾಡಗಿಯ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಗುಂಟೂರಿನದು ಕಣ್ಣು ಕೀಳುವ ಖಾರ. ಸ್ಯಾಂಪಲ್ಲಿಗೆ ಒಂದು, ಸಂತೆಗೆ ಒಂದು ಎಂಬ ಲೆಕ್ಕದಲ್ಲಿ ಅವನು ಎರಡನ್ನೂ ಕೂಡಿಸಿ ಕುಟ್ಟಿಸಿ ಮಾರುತ್ತಿದ್ದ. ಎಲ್ಲರೂ ಮಾಡುತ್ತಾರೆ ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದ. ಗೋಂದಿನ ಟವೆಲಿನ ಹಾಗಲ್ಲ ಇದು, ವ್ಯಾಪಾರ.

ಕಲ್ಲೇಶ ಸಹಾಯಕ್ಕೆ ಬಂದ. “ಬ್ಯಾಡಗಿ ಮೆಣಸಿನಕಾಯಿ ಇಷ್ಟ ಉರಿಯಂಗಿಲ್ಲಪಾ. ಗುಂಟೂರು ಇರಬೇಕು. ಶಶಿಯಣ್ಣಾ, ನಿಮ್ಮ ಹಿಂದಿನ ಕೋಣ್ಯಾಗ...”

“ನೀ ಬಾಯಿ ಮುಚ್ಚಲೇ!” ಎಂದು ಶಶಿಕಾಂತ ಗುಡುಗಿದ.

ಅಷ್ಟರಲ್ಲಿ ಶಮಶೇರಸಾಬರು ಕುರ್ಚಿಯಿಂದೆದ್ದು ಬಂದು ಚೀಲದೊಳಗೆ ಕೈ ಹಾಕಿದರು. ಚಿಟಿಕೆ ಪುಡಿ ತೆಗೆದು ನಾಲಿಗೆಗಿಟ್ಟುಕೊಂಡರು. ಕಣ್ಣು ಮುಚ್ಚಿದರು. ಅವರ ಹಣೆಯ ಮೇಲೆ ಬೆವರು ಮೂಡಿತು. ಮತ್ತೆ ಹೋಗಿ ಕುರ್ಚಿಯಲ್ಲಿ ಕೂತು ಶಶಿಕಾಂತನನ್ನೇ ನೋಡತೊಡಗಿದರು.

ಮುಗಿಯಿತು, ಅಂದುಕೊಂಡ ಶಶಿಕಾಂತ. ಚೀಲದ ಧೂಳು ಅಕಸ್ಮಾತ್ ಅಂಟಿತು ಅಂದರೆ ಅಂಗಡಿಯಲ್ಲಿ ಗುಂಟೂರು ಇದೆ ಎಂದಾಗುತ್ತದೆ, ಆರ್ಡರು ಹೋಗುತ್ತದೆ. ಇಲ್ಲ, ತಾನೇ ಹಚ್ಚಿದೆ ಅಂದರೆ ಮಾನ ಹೋಗುತ್ತದೆ. ಉಳಿದದ್ದು ಒಂದೇ ದಾರಿ. ಅವನು ಎದೆಯುಬ್ಬಿಸಿ ಚೀಲವನ್ನು ಮೇಲೆತ್ತಿದ.

“ಯಾರ ಮ್ಯಾಲೆ ಹೊರಸಾಕತ್ತೀರಿ ಆರೋಪ? ಇದು ಅಪ್ಪಟ ಬ್ಯಾಡಗಿ! ಬಣ್ಣ ಐತಿ, ಖಾರ ಇಲ್ಲ! ನಮ್ಮೂರ ಮೆಣಸಿನಕಾಯಿ ಕಣ್ಣಿಗೆ ಕಾಡಿಗಿ ಹಂಗ ಹಚ್ಚಿಕೊಂಡರೂ ತಂಪ ಇರತೇತಿ! ನೋಡ್ರಿ ಬೇಕಾದರ!”

ಹಾಗೆಂದವನೇ ಚೀಲದ ಒಳಗೋಡೆಗೆ ಬೆರಳು ತಿಕ್ಕಿ, ತನ್ನ ಎಡಗಣ್ಣಿಗೆ ಹಚ್ಚಿಕೊಂಡುಬಿಟ್ಟ.

ಶಶಿಕಾಂತನ ತಲೆಯೊಳಗೆ ಬೆಂಕಿ ಹತ್ತಿತು. ಕಣ್ಣಿನಿಂದ ಶುರುವಾದ ಉರಿ ಕಿವಿಗೆ ಹೋಗಿ, ಅಲ್ಲಿಂದ ಹಿಮ್ಮಡಿಗಿಳಿದು, ಮತ್ತೆ ಕಣ್ಣಿಗೇ ಬಂತು. ಕಿರುಚಬೇಕು ಅನ್ನಿಸಿತು. ಹಲ್ಲು ಕಚ್ಚಿ ನಕ್ಕ.

“ಹೆಂಗೈತಿ?” ಎಂದರು ಮಲ್ಲಿಕಸಾಬರು.

“ತಂ... ತಂಪ ಐತ್ರಿ.”

“ಕಣ್ಣಾಗ ನೀರ ಬರಾಕತ್ತಾವಲ್ಲ?”

“ಊರಿನ ಮ್ಯಾಲೆ ಅಭಿಮಾನ್ರಿ! ತಡಕೊಳ್ಳಾಕ ಆಗವಲ್ಲದು!”

“ನೀರ ತರಸ್ಲೇನು?” ಎಂದ ಕಲ್ಲೇಶ.

“ನೀರ ಯಾಕಲೇ? ನನಗೇನ ಆಗೇತಿ?” ಎಂದು ಶಶಿಕಾಂತ ಗುಡುಗಿದ. ಗುಡುಗು ಅರ್ಧಕ್ಕೆ ಬಿಕ್ಕಳಿಕೆಯಾಯಿತು.

ಮಲ್ಲಿಕಸಾಬರು ಸೀಟಿ ಊದಿ ತೀರ್ಪು ಕೊಟ್ಟರು. “ಮನಶ್ಯಾ ಕಣ್ಣಿಗೆ ಹಚ್ಚಿಕೊಂಡು ನಗಾಕತ್ತಾನ. ಪುಡಿಯಾಗ ಖಾರ ಇಲ್ಲ. ಚೆಂಡು ಸಾಚಾ ಐತಿ. ಗೋಲು ಗೋಲನ. ಅಸ್ಲಮ್ ನಾಟಕ ಮಾಡ್ಯಾನ, ಅವಗ ಹಳದಿ ಕಾರ್ಡು!”

“ನಾಟಕ? ನಂದು ನಾಟಕ?” ಎಂದು ಅಸ್ಲಮ್ ಎರಡು ಕೆಂಪು ಕಣ್ಣುಗಳನ್ನು ತೋರಿಸಿದ. ಯಾರೂ ಕೇಳಲಿಲ್ಲ. ಅದೊಂದೇ ಗೋಲಿನಲ್ಲಿ ಬ್ಯಾಡಗಿ ಗೆದ್ದಿತು. ರಾಣೆಬೆನ್ನೂರಿನವರು ಮೈದಾನದಲ್ಲೇ ಕೂತು, ಹಲ್ಲು ಕಡಿಯುತ್ತ, ಗುಂಪಿನಲ್ಲಿ ತಪ್ಪೊಪ್ಪಿಗೆ ಹಾಕಿದರು. ಕಲ್ಲೇಶ ಶಶಿಕಾಂತನ ಕೊರಳಿಗೆ ಹಾರ ಹಾಕಿದ. ಹಾರ ಯಾವ ಬಣ್ಣದ್ದೆಂದು ಶಶಿಕಾಂತನಿಗೆ ಕಾಣಲಿಲ್ಲ.

ಅವನು ನಲ್ಲಿಯ ಕಡೆ ಓಡಬೇಕೆನ್ನುವಷ್ಟರಲ್ಲಿ ಹೆಗಲ ಮೇಲೆ ಭಾರವಾದ ಕೈಯೊಂದು ಬಿತ್ತು. ಶಮಶೇರಸಾಬರು.

“ಶಶಿಕಾಂತ, ಬಾ ಈ ಕಡೆ. ಖರೇ ಹೇಳು. ಆ ಚೀಲದಾಗಿನ ಪುಡಿ ನಿನ್ನ ಅಂಗಡೀದ ಏನು? ಅದರಾಗ ಗುಂಟೂರು ಕೂಡಿಲ್ಲೇನು?”

ಆರ್ಡರು ಕಣ್ಣ ಮುಂದೆ, ಅಂದರೆ ಉಳಿದ ಒಂದು ಕಣ್ಣ ಮುಂದೆ, ತೂಗಾಡಿತು. ಶಶಿಕಾಂತ ಎದೆಯ ಮೇಲೆ ಕೈಯಿಟ್ಟುಕೊಂಡ.

“ದೇವರಾಣೆ ಸಾಬ್ರ! ನನ್ನ ಅಂಗಡ್ಯಾಗ ಗುಂಟೂರಿನ ಒಂದು ತೊಟ್ಟೂ ಇಲ್ಲ. ಹಂಗ ಕೂಡಿಸಿ ಮಾರೋರನ್ನ ಕಂಡರ ನನಗ ಮೈ ಉರೀತೇತಿ!”

ಶಮಶೇರಸಾಬರು ಉಸಿರು ಬಿಟ್ಟರು. “ಹೋಗ್ಲಿ ಬಿಡು. ಸುಮ್ನ ಆಸೆ ಪಟ್ಟೆ.”

“ಏನ್ ಸಾಬ್ರ?”

“ನಿನ್ನ ಸ್ಯಾಂಪಲ್ ಹಾಕಿ ಬಿರಿಯಾನಿ ಮಾಡಿಸ್ದೆ. ಬಣ್ಣ ಅಂದ್ರ ಬಣ್ಣ! ಆದ್ರ ತಿಂದ ಮಂದಿ, ಇದೇನ್ ಸಾಬ್ರ, ಸಪ್ಪನ ಪಾಯಸಾ ತಿಂದಂಗ ಆತು ಅಂದ್ರು. ನಮಗ ಬ್ಯಾಡಗಿ ಬಣ್ಣಾನೂ ಬೇಕು, ಗುಂಟೂರು ಖಾರಾನೂ ಬೇಕು. ಎರಡೂ ಕೂಡಿಸಿ, ಕೂಡಿಸೇನಿ ಅಂತ ಹೇಳಿ ಕೊಡೋ ಒಬ್ಬ ಮನಶ್ಯಾನ್ನ ಹುಡುಕಾಕತ್ತೇನಿ. ಆ ಚೀಲದಾಗಿನ ಪುಡಿ ನಾಲಿಗಿಗೆ ಇಟ್ಟ ಕೂಡ್ಲೆ, ಸಿಕ್ಕಿತಪಾ ಮಾಲು ಅಂದ್ಕೊಂಡಿದ್ದೆ. ಹೆಣ್ಣ ಕೊಡೋ ಮಾವನ ಹಂಗ ನಿನ್ನನ್ನ ನೋಡ್ಕೋಂತ ಕುಂತಿದ್ದೆ.”

ಶಶಿಕಾಂತ ಅವರ ಎರಡೂ ಕೈ ಹಿಡಿದುಕೊಂಡ. “ಸಾಬ್ರ! ಅದು ನಂದ ರೀ! ನನ್ನ ಅಂಗಡೀದ! ಹಿಂದಿನ ಕೋಣ್ಯಾಗ ಚೀಲಗಟ್ಟಲೆ ಗುಂಟೂರು ಐತಿ! ವರ್ಷಗಟ್ಟಲೆ ಕೂಡಿಸಾಕತ್ತೇನಿ ರೀ, ನನ್ನಷ್ಟು ಚಂದ ಕೂಡಿಸೋರು ಈ ಜಿಲ್ಲಾದಾಗ ಯಾರೂ ಇಲ್ಲ!”

ಶಮಶೇರಸಾಬರು ಗಹಗಹಿಸಿ ನಕ್ಕು ಅವನ ಬೆನ್ನು ತಟ್ಟಿದರು.

“ಛೇ ಛೇ! ಆರ್ಡರಿನ ಆಸೆಗೆ ಇಷ್ಟು ದೊಡ್ಡ ಸುಳ್ಳು ಹೇಳಬಾರದಪಾ. ಎಲ್ಲಾರ ಮುಂದ ಕಣ್ಣಿಗೆ ಹಚ್ಚಿಕೊಂಡು ನಕ್ಕೋನು ನೀನು. ಎಲೆಅಡಿಕಿ ತಿಂದ ನನ್ನ ನಾಲಿಗೀನ ಮೋಸ ಹೋಗೇತಿ. ಈ ಕಾಲದಾಗ ನಿನ್ನಂಥ ಸಾಚಾ ಮನಶ್ಯಾ ಸಿಗೂದಿಲ್ಲ. ನಿನ್ನ ಕೈಲೆ ಕಲಬೆರಕಿ ಮಾಡಿಸಿ ನಾ ಯಾಕ ಪಾಪಾ ಕಟ್ಟಿಕೊಳ್ಳಲಿ? ಹುಬ್ಬಳ್ಳಿಯಾಗ ಒಬ್ಬವ ಅದಾನ, ನಾಳೆ ಅವನ ಕಡೆ ಹೋಗತೇನಿ.”

ಹೋಗುವಾಗ ಮಗನಿಗೂ ಒಂದು ಮಾತು ಹೇಳಿದರು: “ನೋಡಿ ಕಲೀಯೋ, ಸಾಚಾತನ ಅಂದ್ರೇನು ಅಂತ.” ಅಸ್ಲಮ್ ಕೆಂಪು ಕಣ್ಣು ತಿಕ್ಕಿಕೊಳ್ಳುತ್ತ ಅವರ ಹಿಂದೆ ನಡೆದ.

ಶಶಿಕಾಂತ ನಲ್ಲಿಗೆ ತಲೆ ಕೊಟ್ಟು ಕೂತ. ಕಿಸೆಯಲ್ಲಿ ಫೋನು ಬಡಿದುಕೊಂಡಿತು. ನಿರ್ಮಲಾ.

“ಆರ್ಡರು ಏನಾತ್ರಿ? ಅಳಾಕತ್ತೀರೇನು?”

“ಅಳಬ್ಯಾಡ್ದೇನು ಮತ್ತ?” ಎಂದು ಶಶಿಕಾಂತ ರೋಷದಿಂದ ಕೂಗಿದ. ಎಡಗಣ್ಣಿನಿಂದ ನೀರು ಧಾರೆಯಾಗಿ ಸುರಿಯುತ್ತಿತ್ತು. “ಎಂಥಾ ಹಾಳ ಕಾಲ ಬಂತು, ನಿರ್ಮಲಾ! ಮನಶ್ಯಾ ಎದಿ ಮುಟ್ಟಿಕೊಂಡು ಖರೇ ಹೇಳಿದ್ರ ಒಬ್ಬನೂ ನಂಬೂದಿಲ್ಲ!”