ಮಾತು ಬಿಟ್ಟವರ ಕಂಪ್ಯೂಟರ್

ಕೊಪ್ಪಳ ಸೀಮೆಗೆ ಮೊಟ್ಟಮೊದಲು ಕಂಪ್ಯೂಟರ್ ತಂದವರು ಯಾರು ಎಂದು ಯಾರಾದರೂ ಕೇಳಿದರೆ, ನಾನು ಎದೆ ತಟ್ಟಿಕೊಂಡು ನಮ್ಮ ಸೋದರಮಾವ ಎನ್ನುತ್ತೇನೆ. ಅದೂ ಎಪ್ಪತ್ತರ ದಶಕದಲ್ಲಿ! ಯಲಬುರ್ಗಾದಲ್ಲಿ ಇಡೀ ದಿನ ಕರೆಂಟು ಇದ್ದರೆ ಅದೇ ದೊಡ್ಡ ಸುದ್ದಿಯಾಗುತ್ತಿದ್ದ ಕಾಲದಲ್ಲಿ! ಆದರೆ ಆ ಕಂಪ್ಯೂಟರಿಗೆ ಕರೆಂಟು ಬೇಕಿರಲಿಲ್ಲ, ಚಹಾ ಬೇಕಿತ್ತು. ಅದು ಆಗಾಗ ಮುನಿಸಿಕೊಳ್ಳುತ್ತಿತ್ತು, ಬೀಗರು ಬಂದರೆ ಕೆಲಸ ನಿಲ್ಲಿಸುತ್ತಿತ್ತು, ಶ್ರಾವಣ ಸೋಮವಾರ ಉಪವಾಸ ಇರುತ್ತಿತ್ತು. ಇರದೆ ಏನು? ಅದರ ಅರ್ಧ ಭಾಗ ನನ್ನ ಹೆತ್ತ ತಾಯಿ.

ನಮ್ಮ ಮಾಮ ಕೊಪ್ಪಳದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದ. ಆತನ ಪ್ರಕಾರ ಜಗತ್ತಿನಲ್ಲಿ ಇರುವುದು ಎರಡೇ ಜಾತಿ: ಭಾಗಾಕಾರ ಬರುವವರು ಮತ್ತು ಬಾರದವರು. ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ನಮ್ಮ ಕಡೆ ರೂಢಿ ತಾನೆ? ನಾನು ಶಿಕ್ಷಕಿಯರ ತರಬೇತಿ ಮುಗಿಸಿದ ವರ್ಷ ಹಿರಿಯರು ಮೆಲ್ಲಗೆ ನನ್ನ ಹೆಸರು ಎತ್ತಿದರು. ಮಾಮ ಒಂದು ಕ್ಷಣವೂ ಯೋಚಿಸಲಿಲ್ಲ.

‘ಆಕಿ ಭಾಗಾಕಾರದಾಗ ಸೊನ್ನಿ ಹಾರಸ್ತಾಳ. ನನಗ ಬ್ಯಾಡ.’

ನಾಲ್ಕು ಜನರೆದುರು ಹೀಗೆ ತಿರಸ್ಕೃತಳಾದ ಹೆಣ್ಣು ಆಗ ನಮ್ಮದಾಗಿದ್ದ ಇಡೀ ರಾಯಚೂರು ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು! ಮುಂದೆ ಅಳವಂಡಿಗೆ ಕನ್ಯಾ ನೋಡಲು ಹೋದವನು ಚಹಾ ತಂದ ಹುಡುಗಿಗೆ ಹಾಡು ಬರುತ್ತದೆಯೇ ಎಂದು ಕೇಳದೆ, ನಾಲ್ಕಂಕಿಯ ಭಾಗಾಕಾರವೊಂದನ್ನು ಕೊಟ್ಟನಂತೆ. ಆಕೆ ತಟ್ಟೆ ಕೆಳಗಿಡುವುದರೊಳಗೆ ಉತ್ತರ ಹೇಳಿದಳು, ನಮ್ಮ ಅತ್ತೆಯಾದಳು. ‘ಅವತ್ತ ಒಂದು ತಪ್ಪು ಹೇಳಿದ್ರ ಪಾರಾಗ್ತಿದ್ದೆ ನೋಡವಾ’ ಎಂದು ಅತ್ತೆ ಇಂದಿಗೂ ಹಳಹಳಿಸುತ್ತಾಳೆ.

ಇಂಥ ಮಾಮನಿಗೆ ಡಾಕ್ಟರೇಟ್ ಮಾಡುವ ಹುಚ್ಚು ಹಿಡಿಯಿತು. ಕಾಲುವೆ ನೀರು ಬಂದ ಹೊಲಕ್ಕೂ ಮಳೆಯನ್ನೇ ನಂಬಿದ ಹೊಲಕ್ಕೂ ಇಳುವರಿಯಲ್ಲಿ ಎಷ್ಟು ವ್ಯತ್ಯಾಸ ಎಂಬುದು ವಿಷಯ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂದು ನಾಲ್ಕು ತಾಲೂಕುಗಳ ಅಂಕಿಗಳು. ಇದನ್ನು ಕೇಳಿ ನಮ್ಮ ಅವ್ವ ಬಿದ್ದು ಬಿದ್ದು ನಕ್ಕಳು.

‘ಅದಕ್ಕ್ಯಾಕೋ ತಮ್ಮಾ ಅಷ್ಟು ದೊಡ್ಡ ಪುಸ್ತಕ? ಕಾರಟಗಿ ಬಸ್ ಹತ್ತಿ ಕಿಟಕ್ಯಾಗ ನೋಡಿದ್ರ ಹಸರು ಗದ್ದಿ ಕಾಣತೈತಿ. ಮತ್ತ ಕುಷ್ಟಗಿ ಬಸ್ ಹತ್ತಿ ನೋಡು, ಬರೇ ಒಣ ಹೊಲ. ಮುಗೀತು ನಿನ್ನ ಡಾಕ್ಟರಕಿ.’

ಮುಗಿಯಲಿಲ್ಲ. ಅಂಕಿಗಳ ರಾಶಿಯನ್ನು ಕೂಡಿಸಬೇಕು, ಒಂದೊಂದನ್ನೂ ಅದರಿಂದಲೇ ಗುಣಿಸಬೇಕು, ಮತ್ತೆ ಕೂಡಿಸಬೇಕು. ಒಬ್ಬನೇ ಕೂತರೆ ನಿವೃತ್ತಿಯ ತನಕ ಸಾಕಾಗುವಷ್ಟು ಲೆಕ್ಕ! ವಿಶ್ವವಿದ್ಯಾಲಯದಲ್ಲಿ ಒಂದು ಕಂಪ್ಯೂಟರ್ ಇತ್ತು. ಒಂದೇ ಒಂದು, ಎಲ್ಲ ವಿಭಾಗಗಳಿಗೂ ಸೇರಿ. ಮಾಮ ರೈಲು ಹತ್ತಿ ಹೋಗಿ ನೋಡಿಬಂದ.

‘ಏನ್ ಕೇಳ್ತಿ, ಗುಡಿ ಇದ್ದಂಗ ಐತಿ. ಚಪ್ಪಲಿ ಹೊರಗ ಬಿಡಬೇಕು. ಒಳಗ ತಣ್ಣಗ ಗಾಳಿ. ಒಬ್ಬನ ಒಬ್ಬ ಪೂಜಾರಿ. ನಾವು ಹೊರಗ ನಿಂತು ತೂತು ಹೊಡೆದ ಕಾರ್ಡ್ ಕೊಡಬೇಕು. ಎಂಟು ದಿನಕ್ಕ ಪ್ರಸಾದ. ಒಂದು ತೂತು ತಪ್ಪಿದ್ರ ಪ್ರಸಾದ ಇಲ್ಲ, ಮತ್ತ ಪಾಳಿ.’

ಪಾಳಿಯ ಚಂದವನ್ನೂ ಕೇಳಿ. ಮೊದಲು ಭೌತಶಾಸ್ತ್ರದವರು, ಆಮೇಲೆ ರಸಾಯನಶಾಸ್ತ್ರದವರು, ಆಮೇಲೆ ಯಾರಿಗೆ ಯಾರು ಪರಿಚಯವೋ ಅವರು. ಎಲ್ಲರೂ ಉಂಡೆದ್ದ ಮೇಲೆ ಹೊರಗಿನ ಕಾಲೇಜಿನವರು, ಅದೂ ಗಂಟೆಗಿಷ್ಟು ಎಂದು ಶುಲ್ಕ ಕೊಟ್ಟು. ಮಾಮ ಅರ್ಜಿ ಬರೆದು ಬಂದ. ಪಾಳಿ ಬಂದಾಗ ಪತ್ರ ಹಾಕುತ್ತೇವೆ ಎಂದು ಕೃಪೆ ಮಾಡಿದರು.

ಕಾಯುತ್ತ ಕೂಡುವ ಪೈಕಿಯೇ ನಮ್ಮ ಮಾಮ? ನಾಲ್ಕು ತಾಲೂಕಿನ ಕಾಲೇಜುಗಳು ಸೇರಿ ಒಂದು ಲೆಕ್ಕದ ಯಂತ್ರ ಕೊಳ್ಳೋಣ, ತಿಂಗಳಿಗೊಂದು ವಾರ ಒಬ್ಬೊಬ್ಬರು ಇಟ್ಟುಕೊಳ್ಳೋಣ ಎಂದು ಸಭೆ ಕರೆದ. ಸಭೆಗೆ ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ತರಿಸಿದ್ದರಿಂದ ಎಲ್ಲರೂ ತಪ್ಪದೆ ಬಂದರು. ಯಂತ್ರದ ಕಪಾಟಿನ ಕೀಲಿ ಯಾರ ಹತ್ತಿರ ಇರಬೇಕು ಎಂಬುದರಲ್ಲಿ ಮೊದಲನೆಯ ಸಭೆ ಮುಗಿಯಿತು. ಬಸ್ಸಿನಲ್ಲಿ ತರುವಾಗ ಅದಕ್ಕೆ ಅರ್ಧ ಟಿಕೆಟ್ಟೋ ಪೂರ್ತಿ ಟಿಕೆಟ್ಟೋ ಎಂಬುದರಲ್ಲಿ ಎರಡನೆಯದು. ಮೂರನೆಯ ಸಭೆ ಉಪಸಮಿತಿ ನೇಮಿಸಿತು. ಉಪಸಮಿತಿ ಇನ್ನೊಮ್ಮೆ ಮಿರ್ಚಿ ತಿಂದು, ಯಂತ್ರದ ಅವಶ್ಯಕತೆ ಇದೆ ಎಂದು ವರದಿ ಕೊಟ್ಟಿತು.

ಆಗ ಮಾಮ ಒಂದು ಹಾಳೆಯ ಮೇಲೆ ಗೆರೆ ಎಳೆದು, ಎಡಕ್ಕೆ ‘ಉಪಾಯ’, ಬಲಕ್ಕೆ ‘ಖರ್ಚು’ ಎಂದು ಬರೆದು, ಅಡುಗೆಮನೆಯ ಕಪಾಟಿನ ಬಾಗಿಲಿಗೆ ಅಂಟಿಸಿದ. ಆ ಹೊತ್ತಿಗೆ ನನಗೆ ಕೊಪ್ಪಳದ ಪ್ರಾಥಮಿಕ ಶಾಲೆಯಲ್ಲಿ ನೌಕರಿಯಾಗಿ, ಮಾಮನ ಮನೆಯಲ್ಲೇ ಇದ್ದೆ. ಒಂದನೆಯ ಉಪಾಯ ಯುನಿವರ್ಸಿಟಿ ಕಂಪ್ಯೂಟರ್. ಖರ್ಚು: ಶುಲ್ಕ, ರೈಲು, ಆಯುಷ್ಯ. ಎರಡನೆಯದು ಹಂಚಿಕೆಯ ಯಂತ್ರ, ಖರ್ಚು: ಮಿರ್ಚಿ. ಮೂರನೆಯದು ಬಂಧುಬಳಗ; ಖರ್ಚು: ಚಹಾ.

ಬಂಧುಬಳಗ ಎಂದರೆ ಯಾರು? ನಮ್ಮ ಅವ್ವ ಇದ್ದದ್ದು ಕುಷ್ಟಗಿಯಲ್ಲಿ, ಚಿಗವ್ವ ಯಲಬುರ್ಗಾದಲ್ಲಿ. ಅವ್ವ ಮಾಮನ ಅಕ್ಕ, ಚಿಗವ್ವ ಆತನ ತಂಗಿ. ನಮ್ಮ ಅಜ್ಜ ಸಾಲಿ ಮಾಸ್ತರ. ಇಬ್ಬರು ಹೆಣ್ಣುಮಕ್ಕಳಿಗೂ ಮೂವತ್ತರವರೆಗೆ ಮಗ್ಗಿ, ಅದರ ಮೇಲೆ ಪಾವು, ಅರ್ಧ, ಮುಕ್ಕಾಲಿನ ಮಗ್ಗಿಗಳನ್ನು ರಾಗ ಹಾಕಿ ಕಲಿಸಿದ್ದ. ರೊಟ್ಟಿ ಬಡಿಯುತ್ತ ಬಡಿಯುತ್ತ ಗುಣಾಕಾರ ಮಾಡುವ ಹೆಂಗಸರು. ಇದಕ್ಕಿಂತ ಮುಖ್ಯವಾದ ಅರ್ಹತೆಯೊಂದು ಅವರಿಗಿತ್ತು. ಇಬ್ಬರೂ ಏಳು ವರ್ಷದಿಂದ ಮಾತು ಬಿಟ್ಟಿದ್ದರು!

ಚಿಗವ್ವನ ಚೊಚ್ಚಲ ಬಸಿರಿನ ಕುಬಸಕ್ಕೆ ಅವ್ವ ಬುಟ್ಟಿ ತುಂಬ ಕರ್ಚಿಕಾಯಿ ಮಾಡಿಕೊಂಡು ಹೋಗಿದ್ದಳು. ಕರ್ಚಿಕಾಯಿ ಗಟ್ಟಿಯಾಗಿವೆ ಎಂದು ಒಳಗಿನಿಂದ ಯಾರೋ ಅಂದದ್ದು ಕಿವಿಗೆ ಬಿತ್ತು. ಅವ್ವ ಊಟಕ್ಕೂ ಕೂಡದೆ ಬಸ್ಸು ಹತ್ತಿದಳು. ಏಳು ವರ್ಷ! ಕೂಸು ಹುಟ್ಟಿ ಶಾಲೆಗೆ ಹೋಗತೊಡಗಿತು, ಕರ್ಚಿಕಾಯಿ ಮಾತ್ರ ಇನ್ನೂ ಮೆತ್ತಗಾಗಿರಲಿಲ್ಲ.

‘ಒಂದ ಲೆಕ್ಕ ಎರಡು ಕಡೆ ಆಗಬೇಕು’ ಎಂದು ಮಾಮ ನನಗೆ ಬೋಧಿಸಿದ. ‘ಎರಡೂ ಉತ್ತರ ತಾಳೆ ಆದ್ರ ಖರೇ. ಆದ್ರ ಅವರು ಒಬ್ಬರದೊಬ್ಬರು ನಕಲು ಹೊಡೀಬಾರದು. ಮಾತು ಬಿಟ್ಟವರಿಗಿಂತ ಛಲೋ ಜೋಡಿ ಎಲ್ಲಿ ಸಿಗತೈತಿ ಹೇಳು!’

ಕುಟುಂಬದ ಜಗಳವನ್ನು ವಿಜ್ಞಾನದ ಸೇವೆಗೆ ಹಚ್ಚಿದ ಮಹಾನುಭಾವ! ಅಂಕಿಗಳ ಹಾಳೆಗಳು ಬಸ್ ಕಂಡಕ್ಟರರ ಕೈಯಲ್ಲಿ ಕುಷ್ಟಗಿಗೊಂದು, ಯಲಬುರ್ಗಾಕ್ಕೊಂದು ಹೋಗತೊಡಗಿದವು. ಉತ್ತರಗಳು ಅಂಚೆ ಕಾರ್ಡಿನಲ್ಲಿ ಕೊಪ್ಪಳಕ್ಕೆ ಬರುತ್ತಿದ್ದವು. ತಾಳೆ ನೋಡುವ ಕೆಲಸ ನನ್ನದು. ಅದರಲ್ಲಿ ಭಾಗಾಕಾರ ಇರಲಿಲ್ಲವಲ್ಲ! ಅವ್ವನ ಕಾರ್ಡಿನ ಕೊನೆಗೆ ತಪ್ಪದೆ ಒಂದು ಸಾಲು: ‘ಯಲಬುರ್ಗಾದವರದು ಇನ್ನೂ ಬಂದಿರಲಿಕ್ಕಿಲ್ಲ.’ ಚಿಗವ್ವನದರಲ್ಲಿ: ‘ಕುಷ್ಟಗಿಯವರದು ಎರಡು ಸಲ ನೋಡಿರಿ.’ ಹೆಸರು ಎತ್ತಬಾರದು, ಚುಚ್ಚಬೇಕು. ಅಂದಹಾಗೆ, ಪೈಪೋಟಿಯಿಂದಾಗಿ ಲೆಕ್ಕ ಎಂಥ ವೇಗದಲ್ಲಿ ಸಾಗಿತೆಂದರೆ, ಎರಡೂ ಮನೆಗಳ ಗಂಡಸರು ತಿಂಗಳುಗಟ್ಟಲೆ ತಂಗಳು ರೊಟ್ಟಿ ತಿಂದರು.

ಗಂಗಾವತಿಯ ಭತ್ತದ ಅಂಕಿ ಒದಗಿಸುತ್ತಿದ್ದವನು ಮಾಮನ ಹಳೆಯ ಶಿಷ್ಯ, ಅಕ್ಕಿ ಗಿರಣಿಯೊಂದರ ಗುಮಾಸ್ತ. ಕಾರಟಗಿ, ಶ್ರೀರಾಮನಗರದ ರೈತರಿಂದ ಕೇಳಿ ಬರೆದು, ಎರಡು ಪ್ರತಿ ಮಾಡಿ ಅಲ್ಲಿಂದಲೇ ಕುಷ್ಟಗಿ, ಯಲಬುರ್ಗಾದ ಬಸ್ಸಿಗೆ ಕೊಡುತ್ತಿದ್ದ. ಅವನ ಮೊದಲ ಕಂತಿನ ಇಳುವರಿ ಯಾಕೋ ಬಡವಾಗಿತ್ತು. ಮಾಮ ಗಂಗಾವತಿಗೇ ಹೋಗಿ ಕೇಳಿದ. ಗುಮಾಸ್ತ ನಿರಾಳವಾಗಿ ಹೇಳಿದ:

‘ಹಸಿ ಕಡದೀನ್ರಿ ಸರ. ಹೊಸ ಭತ್ತ ಹಸಿ ಇರ್ತೈತಿ, ಚೀಲಕ್ಕ ಎರಡು ಕಿಲೋ ಕಡೀಲಿಲ್ಲಂದ್ರ ಗಿರಣಿ ಮುಳುಗತೈತಲ್ರಿ!’

‘ಇದು ನಿನ್ನ ಗಿರಣಿ ಅಲ್ಲೋ ಮಾರಾಯ, ನನ್ನ ಪ್ರಬಂಧ!’

‘ಹೌದ್ರಿ, ಆದ್ರ ಭತ್ತ ಭತ್ತಾನ ಅಲ್ರಿ?’

ಇನ್ನು ಮೇಲೆ ಒಂದು ಕಾಳನ್ನೂ ಕಡಿಯುವುದಿಲ್ಲ ಎಂದು ಆಣೆ ಮಾಡಿಸಿಕೊಂಡು, ಎಲ್ಲವನ್ನೂ ಹೊಸದಾಗಿ ಬರೆಸಿ ಮಾಮ ಹಿಂತಿರುಗಿದ. ಈ ಸುದ್ದಿ ಕುಷ್ಟಗಿ, ಯಲಬುರ್ಗಾಗಳಿಗೂ ಮುಟ್ಟಿತು.

ಒಂದೂವರೆ ವರ್ಷದಲ್ಲಿ ಲೆಕ್ಕ ಮುಗಿಯಿತು. ಮಾಮ ಹಿಗ್ಗಿನಿಂದ ಮಾರ್ಗದರ್ಶಕರಿಗೆ ಬರೆದ. ಅವರ ಉತ್ತರ ಎರಡೇ ಸಾಲು: ಅಕ್ಕತಂಗಿಯರ ಲೆಕ್ಕ ಪರೀಕ್ಷಕರಿಗೆ ನಡೆಯುವುದಿಲ್ಲ, ಕಂಪ್ಯೂಟರಿನ ಮುದ್ರಿತ ಹಾಳೆ ಲಗತ್ತಿಸತಕ್ಕದ್ದು, ಈ ತಿಂಗಳು ಪ್ರಬಂಧ ಕೊಡದಿದ್ದರೆ ನೋಂದಣಿ ರದ್ದಾಗತಕ್ಕದ್ದು. ಮೂರೇ ದಿನಕ್ಕೆ, ಯಾವ ಪುಣ್ಯವೋ, ಪಾಳಿಯ ಪತ್ರವೂ ಬಂತು! ಬರುವ ಗುರುವಾರ ಸಂಜೆ ನಾಲ್ಕರಿಂದ ನಾಲ್ಕೂವರೆ. ಅರ್ಧ ಗಂಟೆ. ತಪ್ಪಿದರೆ ಪಾಳಿಯ ಬಾಲಕ್ಕೆ. ಹನ್ನೊಂದರ ರೈಲು ಹಿಡಿದರೆ ಸರಿಯಾಗಿ ಮುಟ್ಟಬಹುದು. ಸ್ಟೇಷನ್ ನಮ್ಮ ಮನೆಯಿಂದ ಕೂಗಳತೆಯ ದೂರ.

ಆದರೆ ಒಂದು ಮುಳ್ಳು ಉಳಿದಿತ್ತು. ಗಂಗಾವತಿಯ ಒಂದು ಹಾಳೆಯ ಮೊತ್ತ ಮಾತ್ರ ತಾಳೆಯಾಗಿರಲಿಲ್ಲ. ಕುಷ್ಟಗಿಗೂ ಯಲಬುರ್ಗಾಕ್ಕೂ ಮೂವತ್ತಾರರ ಅಂತರ; ತಪ್ಪು ಅಂಕಿಯನ್ನು ಕಂಪ್ಯೂಟರಿಗೆ ಕೊಡುವಂತಿರಲಿಲ್ಲ. ಹಾಳೆ ಕಳಿಸಿರಿ, ನಾನೇ ನೋಡುತ್ತೇನೆ ಎಂದು ಮಾಮ ಇಬ್ಬರಿಗೂ ಬರೆದ. ಅವ್ವನ ಉತ್ತರ: ‘ಕಳಿಸಲಾರೆ. ಅಲ್ಲಿ ಯಾರಾದರೂ ನನ್ನ ಅಂಕಿ ತಿದ್ದಿಯಾರು. ನಾನೇ ತರುತ್ತೇನೆ.’ ಚಿಗವ್ವನದೂ ಅಕ್ಷರಶಃ ಅದೇ! ಕದ್ದು ನಕಲು ಹೊಡೆದಿದ್ದರೂ ಇಷ್ಟು ತಾಳೆಯಾಗುತ್ತಿರಲಿಲ್ಲ.

ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಎರಡು ಬಸ್ಸುಗಳಿಂದ ಇಬ್ಬರೂ ಇಳಿದರು. ನಡುಮನೆಯಲ್ಲಿ ಒಬ್ಬಳು ಮೂಡಣಕ್ಕೆ, ಒಬ್ಬಳು ಪಡುವಣಕ್ಕೆ ಮುಖ ಮಾಡಿ ಕೂತರು. ಮಾಮ ಚೀಲ ಕಟ್ಟಿ, ಕೋಟು ತೊಟ್ಟು, ಚಪ್ಪಲಿ ಮೆಟ್ಟಿ ಬಾಗಿಲಲ್ಲೇ ನಿಂತಿದ್ದ. ಮಾತೆಲ್ಲ ನನ್ನ ಮೂಲಕ.

‘ನಿಮ್ಮ ಚಿಗವ್ವಗ ಹೇಳು, ಮೊದಲ ಸಾಲು ಓದಲಿ.’

‘ನಿಮ್ಮವ್ವಗ ಹೇಳು, ದೊಡ್ಡವರು ಮೊದಲು.’

ಮೊದಮೊದಲು ಒಣ ಅಂಕಿಗಳು. ಹತ್ತು ಸಾಲು ಆಗುವುದರೊಳಗೆ ಇಬ್ಬರ ದನಿಯಲ್ಲೂ ಅಜ್ಜನ ಮಗ್ಗಿಯ ರಾಗ ತಾನಾಗಿ ಬಂದುಬಿಟ್ಟಿತು. ನನ್ನನ್ನು ಬಿಟ್ಟು ಹಾಳೆಗಳೇ ಮಾತಾಡತೊಡಗಿದವು. ಹದಿನೇಳನೆಯ ಸಾಲು. ಅವ್ವ ಓದಿದಳು: ‘ಹದಿನೆಂಟು ಚೀಲ. ಸಾವಿರದ ಮುನ್ನೂರಾ ಐವತ್ತು ಕಿಲೋ.’

‘ನನ್ನದರಾಗ ಸಾವಿರದ ಮುನ್ನೂರಾ ಹದಿನಾಲ್ಕು ಬರದಾರ’ ಎಂದಳು ಚಿಗವ್ವ.

ಇಬ್ಬರೂ ಒಮ್ಮೆಲೆ ತಿರುಗಿ ಮುಖ ನೋಡಿಕೊಂಡರು. ಹದಿನೆಂಟೆರಡಲೆ ಮೂವತ್ತಾರು!

‘ಹಸಿ ಕಡದಾನ, ಭಾಡ್ಯಾ!’ ಎಂದು ಕೂಡಿಯೇ ಕೂಗಿದರು. ಆಣೆ ಮಾಡಿದ್ದರೂ ಆ ಗುಮಾಸ್ತನ ಕೈ ರೂಢಿಬಲದಿಂದ ಒಂದೇ ಪ್ರತಿಯ ಒಂದೇ ಸಾಲಿನಲ್ಲಿ ತೇವ ಕಡಿದಿತ್ತು. ಇಬ್ಬರ ಕೂಡಿಕೆಯೂ ಸರಿ. ನಕ್ಕರು, ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ಅವ್ವ ಹಾಳೆ ಮಡಚುತ್ತ, ಯಾರಿಗೂ ಅಲ್ಲವೆಂಬಂತೆ ಕೇಳಿದಳು:

‘ಕರ್ಚಿಕಾಯಿ ಗಟ್ಟಿ ಅಂತ ನೀ ಅಂದಿದ್ದಿ?’

‘ನಾ ಯಾಕ ಅನ್ನಲಿ ಅಕ್ಕಾ? ನಮ್ಮತ್ತಿ ಅಂದ್ರು. ನಾ ನಾಲ್ಕು ಡಬ್ಬಿಯೊಳಗ ಮುಚ್ಚಿಟ್ಟು ಬಾಣಂತನದ ತನಕ ತಿಂದೆ. ನೀ ಬರತಿ, ಬರತಿ ಅಂತ ಕಾಯಕೋತ.’

ಗಡಿಯಾರ ಹನ್ನೊಂದಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ಹದಿನೇಳನೆಯ ಸಾಲು ತಿದ್ದಿದ್ದಾಗಿತ್ತು, ಹೋಗಲು ಏನೂ ಅಡ್ಡಿಯಿರಲಿಲ್ಲ. ಆದರೆ ಮಾಮ ಹೊರಟರೆ ಅಕ್ಕ, ತಂಗಿ ಇಬ್ಬರೂ ಬೀಳ್ಕೊಡಲು ಏಳುತ್ತಿದ್ದರು. ಅಕ್ಷತೆ, ಸಕ್ಕರೆ ಎಂದು ಗದ್ದಲವಾಗುತ್ತಿತ್ತು. ಆಗಷ್ಟೇ ಶುರುವಾದ ಮಾತು ಮುರಿಯುತ್ತಿತ್ತು. ನಾನು ‘ಮಾಮಾ, ರೈಲು’ ಎನ್ನಲು ಬಾಯಿ ತೆರೆದೆ. ಆತ ತುಟಿಯ ಮೇಲೆ ಬೆರಳಿಟ್ಟ. ಮೆಲ್ಲಗೆ ಚಪ್ಪಲಿ ಕಳಚಿದ. ಗುಡಿಯೊಳಗೆ ಬಂದವನ ಹಾಗೆ ಬರಿಗಾಲಲ್ಲಿ ಅಡುಗೆಮನೆಗೆ ಹೋಗಿ, ತಾನೇ ಚಹಾಕ್ಕೆ ಇಟ್ಟ. ರೈಲು ಬಂದದ್ದು ಕೇಳಿಸಿತು, ನಿಂತದ್ದು ಕೇಳಿಸಿತು, ಹೋದದ್ದೂ ಕೇಳಿಸಿತು. ಒಳಗೆ ಇಬ್ಬರೂ ಒಬ್ಬರ ಹೆಗಲಿಗೊಬ್ಬರು ತಲೆಯಿಟ್ಟು ಅಳುತ್ತಿದ್ದರು.

ನೋಂದಣಿ ರದ್ದಾಯಿತು. ಮಾಮ ಡಾಕ್ಟರ್ ಆಗಲಿಲ್ಲ.

ಅವ್ವ, ಚಿಗವ್ವ ಇಂದಿಗೂ ಜೊತೆಗೂಡಿದಾಗಲೆಲ್ಲ ಆತನನ್ನು ಬೈಯುತ್ತಾರೆ. ‘ಮನಿ ಮುಂದಿನ ರೈಲು ತಪ್ಪಿಸಿಕೊಂಡ ಮನಶ್ಯಾ ಇವನೊಬ್ಬನ! ವ್ಯಾಳ್ಯಾದ ಖಬರ ಇಲ್ಲ!’ ಮಾಮ ‘ಹೌದವಾ, ಖಬರ ಇಲ್ಲ’ ಎಂದು ಒಪ್ಪಿಕೊಳ್ಳುತ್ತಾನೆ. ಅವರಿಬ್ಬರಿಗೆ ನಾನೂ ನಿಜ ಹೇಳಿಲ್ಲ. ಆತನ ತಮಾಷೆ ಮಾಡಿಕೊಂಡೇ ಬೆಳೆದವಳು ನಾನು. ಅವತ್ತು ಬಸ್ ಸ್ಟ್ಯಾಂಡಿಗೆ ಅವರನ್ನು ಕಳಿಸಿ ಬಂದು ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅತ್ತುಬಿಟ್ಟೆ. ಕಪಾಟಿನ ಬಾಗಿಲಿನ ಹಾಳೆಯಲ್ಲಿ, ಮೂರನೆಯ ಉಪಾಯದ ಎದುರು ‘ಖರ್ಚು: ಚಹಾ’ ಎಂದಿದ್ದದ್ದರ ಮುಂದೆ ಮಾಮ ಕೆಂಪು ಶಾಯಿಯಲ್ಲಿ ಒಂದು ಮಾತು ಸೇರಿಸಿದ್ದ: ‘ಮತ್ತು ಒಂದು ರೈಲು. ಅಗ್ಗವಾಯಿತು.’