ನೇರಪ್ರಸಾರದಲ್ಲಿ ನಳ ಬಂತು!

ಇತಿಹಾಸದಲ್ಲಿ ಎಂ.ಎ. ಮಾಡಿದವರಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಯಾರು ಏನು ಹೇಳಿದರೂ ‘ಆಧಾರ ಏನು?’ ಎಂದು ಕೇಳುವ ರೋಗ. ಧಾರವಾಡದ ವಿಶ್ವವಿದ್ಯಾಲಯದಿಂದ ನಾನು ಒಂದು ಪದವಿಪತ್ರವನ್ನೂ ಈ ರೋಗವನ್ನೂ ತೆಗೆದುಕೊಂಡು ಹುಬ್ಬಳ್ಳಿಗೆ ಮರಳಿ, ಕಾಲೇಜೊಂದರಲ್ಲಿ ಉಪನ್ಯಾಸಕನಾದೆ. ಪದವಿಪತ್ರ ಎಲ್ಲಿಟ್ಟೆನೋ ನೆನಪಿಲ್ಲ. ರೋಗ ಮಾತ್ರ ಗಟ್ಟಿಮುಟ್ಟಾಗಿದೆ. ಇತ್ತೀಚೆಗಂತೂ ಅದು ಬೆಳೆದು, ನನ್ನ ನೆನಪಿಗೂ ನಾನೇ ಆಧಾರ ಕೇಳುವಂತಾಗಿದೆ.

ಆಧಾರವಿಲ್ಲದೆ ನಾನು ನಂಬುವುದು ಒಂದನ್ನೇ, ನಮ್ಮೂರನ್ನು. ಕಮರಿಪೇಟೆಯ ನಮ್ಮ ಓಣಿಯಲ್ಲಿ ಎದುರುಬದುರು ಬಂದ ಎರಡು ಸ್ಕೂಟರುಗಳು ಕೈಕುಲುಕದೆ ಮುಂದೆ ಹೋಗಲಾರವು. ಓಣಿಯ ಬಾಯಲ್ಲಿರುವ ತಗ್ಗು ಎಷ್ಟು ಹಳೆಯದೆಂದರೆ, ಆಟೋದವರಿಗೆ ‘ತಗ್ಗಿನ ಓಣಿ’ ಎಂದರೆ ಸಾಕು, ವಿಳಾಸ ಬೇಕಿಲ್ಲ. ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ಅದೇ ಧೂಳಿನ ರಾಡಿ. ನಳ ಬರುವುದು ಎಂಟು ದಿನಕ್ಕೊಮ್ಮೆ. ನಮ್ಮಲ್ಲಿ ‘ನೀರು ಬಂತು’ ಎನ್ನುವುದಿಲ್ಲ, ‘ನಳ ಬಂತು’ ಎನ್ನುತ್ತೇವೆ, ದೂರದ ನೆಂಟರು ಬಂದಷ್ಟು ಸಂಭ್ರಮದಿಂದ. ಇಷ್ಟೆಲ್ಲ ಇದ್ದೂ ಈ ಊರೆಂದರೆ ನನಗೆ ಪ್ರಾಣ!

ಮಗಳು ಸ್ಮಿತಾಳ ಕುಬಸ ನಿಶ್ಚಯವಾಗಿತ್ತು. ಚೊಚ್ಚಲ ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ, ಬಂದವರಿಗೆಲ್ಲ ಊಟ ಹಾಕುವ ಕಾರ್ಯಕ್ರಮ. ದಿನ ರವಿವಾರ. ಗರಗದಿಂದ ನನ್ನ ಹೆಂಡತಿ ಗಿರಿಜಾಳ ಕಡೆಯವರು, ದಾವಣಗೆರೆಯಿಂದ ಬೀಗರು, ಒಟ್ಟು ಅರವತ್ತು ಎಲೆ. ಗಿರಿಜಾ ನನಗೆ ಒಂದೇ ಒಂದು ಕೆಲಸ ಒಪ್ಪಿಸಿದಳು.

“ನಳಾ ಬಂದಾಗ ನೀರು ತುಂಬ್ರಿ. ಬ್ಯಾರೆ ಏನೂ ಮುಟ್ಟಬ್ಯಾಡ್ರಿ.”

ನಳ ಯಾವತ್ತು ಬರುತ್ತದೆ? ಪ್ರತಿ ಸಲ ನಳ ಬಂದಾಗ ನೀರು ತುಂಬುವವಳು ಗಿರಿಜಾ, ನಾನು ಬಾಗಿಲ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಿಂದ ವಾರ ಬರೆದಿಡುತ್ತೇನೆ. ಆದರೆ ಕುಬಸಕ್ಕೆಂದು ಮನೆಗೆ ಸುಣ್ಣ ಹೊಡೆಸಿದೆವು. ದಾಖಲೆ ನಾಶವಾಯಿತು!

“ಹ್ವಾದ ಸಲ ಶುಕ್ರವಾರ ಬಂದಿತ್ರಿ,” ಎಂದಳು ಗಿರಿಜಾ. “ಅಂದ್ರ ಈ ಸಲ ಶನಿವಾರ.”

“ಅಲ್ಲ, ಹೋದ ಸಲ ಶನಿವಾರ ಬಂದಿತ್ತು. ಈ ಸಲ ರವಿವಾರ ನಸುಕಿನ್ಯಾಗ ಬರ್ತೈತಿ. ಕುಬಸಕ್ಕ ಬರೋಬ್ಬರಿ ತಾಜಾ ನೀರು!”

“ಶುಕ್ರವಾರ ನೀರು ತುಂಬೋ ಗದ್ದಲದಾಗ ಬದನಿಕಾಯಿ ಪಲ್ಯಾ ಹೊತ್ತಿತ್ತಲ್ರಿ. ಹೊತ್ತಿದ್ದನ್ನ ತಿಂದವ್ರು ನೀವಽ.”

“ಅದಕ್ಕ ಆಧಾರ ಏನು?”

“ಪಾತೇಲಿ ಇನ್ನೂ ಕರ್ರಗೈತಿ. ತಂದು ತೋರಸ್ಲೇನು?”

ಪಾತ್ರೆಯ ಕಪ್ಪಿನಿಂದ ವಾರವನ್ನು ನಿರ್ಣಯಿಸಲಾಗದು ಎಂದು ನಾನು ತೀರ್ಪು ಕೊಟ್ಟೆ. ಒಳಗೊಳಗೆ ಅನುಮಾನವಿತ್ತು. ಆದರೆ ಅನುಮಾನ ಇರುವುದೇ ವಿದ್ವಾಂಸನ ಲಕ್ಷಣವಲ್ಲವೆ?

ಗುರುವಾರ ಸಂಜೆ ದಾವಣಗೆರೆಯಿಂದ ಬೀಗಿತ್ತಿಯ ಫೋನು ಬಂತು.

“ಬೀಗರೇ, ಟೀವಿ ನೋಡಿದ್ರಾ? ನಿಮ್ಮ ಹುಬ್ಬಳ್ಳ್ಯಾಗೆ ನೀರಿಗೋಸ್ಕರ ಕೊಡ ಹಿಡ್ಕಂಡು ಹೊಡೆದಾಡ್ತಾರಂತೆ. ಬಸುರಿ ಹುಡುಗಿ ಅಲ್ಲಿರೋದು ಬ್ಯಾಡ. ನಾಳೆನೇ ಬಂದು ಕರ್ಕಂಡು ಬರ್ತೀವಿ. ಕುಬಸ ನಮ್ಮ ಮನ್ಯಾಗೇ ಮಾಡಿದ್ರಾಯ್ತು.”

ಗಿರಿಜಾಳ ಮುಖ ಸಣ್ಣಗಾಯಿತು. ಹಸಿರು ಸೀರೆ ತಂದು ಮೂರು ತಿಂಗಳಾಗಿತ್ತು. ದಿನಕ್ಕೊಮ್ಮೆ ಬಿಚ್ಚಿ, ಸವರಿ, ಮತ್ತೆ ಮಡಚಿ ಇಡುತ್ತಿದ್ದಳು.

ಟೀವಿ ಹಚ್ಚಿದೆ. ಕಿವಿ ಹರಿಯುವ ಸದ್ದು, ಪರದೆ ತುಂಬ ಕೆಂಪು ಅಕ್ಷರ: ‘ಹುಬ್ಬಳ್ಳಿಯಲ್ಲಿ ಜಲಯುದ್ಧ!’ ಹತ್ತು ಸೆಕೆಂಡಿನ ಒಂದೇ ದೃಶ್ಯವನ್ನು ತಿರುತಿರುಗಿ ತೋರಿಸುತ್ತಿದ್ದರು. ಇಬ್ಬರು ಹೆಂಗಸರು ಒಂದು ಕೊಡವನ್ನು ಜಗ್ಗಾಡುತ್ತಿದ್ದರು. ಅವರ ಸುತ್ತ ನಾಲ್ಕು ಬಾಣ. ಅವರ ಹಿಂದೆ ತೆಂಗಿನ ಮರ. ತೆಂಗಿನ ಮರದ ಹಿಂದೆ ಒಂದು ದೋಣಿ. ದೋಣಿ ತೇಲುತ್ತಿತ್ತು!

“ಗಿರಿಜಾ, ಹುಬ್ಬಳ್ಳಿಗೆ ಸಮುದ್ರ ಯಾವಾಗ ಬಂತು?”

“ಸಮುದ್ರನೂ ಎಂಟು ದಿನಕ್ಕೊಮ್ಮೆ ಬಿಡ್ತಾರೇನೋ ಕೇಳ್ರಿ.”

ಕೇಳಿಯೇ ಬಿಟ್ಟೆ. ಆ ಚಾನೆಲಿಗೆ ನಾಲ್ಕು ಸಲ ಫೋನು ಮಾಡಿದೆ. ನಾಲ್ಕನೆಯ ಸಲ ಸಿಕ್ಕ ವರದಿಗಾರ ಬಹಳ ವಿನಯವಂತ. “ಸರ್, ನೀವೇ ಲೈವ್‌ನಲ್ಲಿ ಹೇಳಿಬಿಡಿ. ಶನಿವಾರ ಬೆಳಿಗ್ಗೆ ಹತ್ತಕ್ಕೆ ನಿಮ್ಮ ಓಣಿಗೇ ಬರ್ತೀವಿ.” ನಾನು ಕೂಡಲೇ ಬೀಗಿತ್ತಿಗೆ ತಿಳಿಸಿದೆ: ಶನಿವಾರ ಹತ್ತಕ್ಕೆ ಟೀವಿ ನೋಡಿರಿ, ಆಮೇಲೆ ನಿರ್ಧಾರ ಮಾಡಿರಿ. ಅವರು ಒಪ್ಪಿದರು. ಮಗಳ ಕುಬಸ, ಹೆಂಡತಿಯ ಆಸೆ, ಊರಿನ ಮಾನ, ಮೂರೂ ಈಗ ನನ್ನ ನಾಲಿಗೆಯ ಮೇಲೆ ಕೂತವು.

ಶನಿವಾರ ಬೆಳಿಗ್ಗೆ ತಾಯಿ ಮಗಳು ಬಳೆ ತರಲು ಪೇಟೆಗೆ ಹೊರಟರು.

“ಕೊಡಾ ಎಲ್ಲಾ ತೊಳದು ಇಟ್ಟೀನ್ರಿ. ನಳಾ ಇವತ್ತಽ ಬರ್ತೈತಿ, ಲಕ್ಷ್ಯ ಇರ್ಲಿ.”

“ಇವತ್ತು ಬರೂದಿಲ್ಲ. ನೀ ಆರಾಮ ಹೋಗಿ ಬಾ.”

ಹೊರಗೆ ನೋಡಿದರೆ ಕಟ್ಟೆಯ ಮೇಲೆ ಮೂವತ್ತು ಮೂವತ್ತೈದು ಪಾತ್ರೆಗಳು. ಸ್ಟೀಲಿನ ಕೊಡ, ತಾಮ್ರದ ಹಂಡೆ, ಡಬರಿ, ಪ್ಲಾಸ್ಟಿಕ್ ಬಕೆಟ್ಟು. ಎಷ್ಟು ತೊಳೆದಿದ್ದಾಳೆ ಪಾಪ ಎಂದು ಹೆಂಡತಿಯ ಬಗ್ಗೆ ಕನಿಕರಪಟ್ಟೆ.

ಹತ್ತು ಗಂಟೆ. ವರದಿಗಾರ ನನ್ನ ಅಂಗಿಯ ಕಾಲರಿಗೆ ಪುಟ್ಟ ಮೈಕು ಸಿಕ್ಕಿಸಿದ. ಕ್ಯಾಮೆರಾದ ಕೆಂಪು ದೀಪ ಹತ್ತಿತು. ನಾನು ಗಂಟಲು ಸರಿಪಡಿಸಿಕೊಂಡು ಶುದ್ಧ ಗ್ರಾಂಥಿಕದಲ್ಲಿ ಆರಂಭಿಸಿದೆ.

“ನಾನು ಹುಟ್ಟಿ ಬೆಳೆದದ್ದು ಇದೇ ಓಣಿಯಲ್ಲಿ. ಐವತ್ನಾಲ್ಕು ವರ್ಷಗಳ ನನ್ನ ಸ್ಪಷ್ಟ ನೆನಪಿನ ಆಧಾರದ ಮೇಲೆ ಹೇಳುತ್ತೇನೆ. ಇಲ್ಲಿನ ಜನ ನೀರಿಗಾಗಿ ಹೊಡೆದಾಡುವುದು ಒತ್ತಟ್ಟಿಗಿರಲಿ, ಒಂದು ದಿನವೂ ಓಡಿದವರಲ್ಲ!”

ಆಗ ಕೇಳಿಸಿತು ಆ ಶಬ್ದ.

ಹುಬ್ಬಳ್ಳಿಯಲ್ಲಿ ಹುಟ್ಟಿದವರಿಗೆ ಆ ಶಬ್ದವನ್ನು ವಿವರಿಸಬೇಕಿಲ್ಲ. ಮೊದಲು ನಳ ಕೆಮ್ಮುತ್ತದೆ. ಆಮೇಲೆ ಬುಸ್ ಎಂದು ಉಸಿರು ಬಿಡುತ್ತದೆ. ಎಂಟು ದಿನ ನೆಲದೊಳಗೆ ಮಲಗಿದ್ದ ಯಾವುದೋ ದೊಡ್ಡ ಪ್ರಾಣಿ ಎಚ್ಚರಾದ ಹಾಗೆ. ಎಷ್ಟು ಸಲ ಕೇಳಿದರೂ ನನಗೆ ಮೈ ಜುಮ್ಮೆನ್ನುತ್ತದೆ.

“ನಳಾ ಬಂತವ್ವೋ!” ಎಂದು ಎದುರುಮನೆಯ ನೀಲವ್ವಜ್ಜಿ ಕೂಗಿದಳು. ಎಂಬತ್ತು ದಾಟಿದರೂ ಅವಳ ದನಿ ಓಣಿಯ ಆ ತುದಿಗೆ ಮುಟ್ಟುತ್ತದೆ.

ನಾನು ಓಡಿದೆ! ವಾಕ್ಯ ಅರ್ಧಕ್ಕೆ ನಿಂತಿತು, ಚಪ್ಪಲಿ ಒಂದು ಉಳಿಯಿತು, ಮೈಕು ಮಾತ್ರ ಕಾಲರಿನಲ್ಲೇ ಇತ್ತು. “ಏ, ಸರೀರಿ! ಹಾದಿ ಬಿಡ್ರಿ! ಮದಲ ನಂದು!” ಎಂದು ನಾನು ಒದರಿದ್ದನ್ನು ಇಡೀ ಕರ್ನಾಟಕ ಕೇಳಿತು. ಪೈಪು ಎತ್ತಿ ಕಟ್ಟೆಯ ಮೇಲಿನ ಮೊದಲ ಕೊಡಕ್ಕೆ ಬಿಟ್ಟೆ. ಅದು ತುಂಬಿತು, ಎರಡನೆಯದು, ಹತ್ತನೆಯದು. ಓಣಿಯೆಲ್ಲ ಓಡುತ್ತ ಬಂತು. ಕ್ಯಾಮೆರಾದವನು ಹಿಂದಕ್ಕೆ ಸರಿಯಲು ಹೋಗಿ ಬಕೆಟ್ಟಿನಲ್ಲಿ ಕಾಲಿಟ್ಟ. “ಕಾಲು ತಗೀರಿ, ಕುಡಿಯೋ ನೀರು!” ಎಂದು ಅವನನ್ನೂ ಬೈದೆ.

ಪಕ್ಕದ ಮನೆಯ ಬಸಣ್ಣ ಬಂದು, “ಸರ, ನೀವ್ಯಾಕ ತುಂಬತೀರಿ? ಬಿಡ್ರಿ, ನಾ ಮಾಡ್ತೇನಿ,” ಎಂದ.

“ಇಲ್ಲ ಬಸಣ್ಣ, ಇವತ್ತು ಇದು ನಂದಽ ಕೆಲಸ.”

“ಎಂಥಾ ದೊಡ್ಡ ಮನಸ್ರಿ ನಿಮ್ಮದು,” ಎಂದು ಅವನು ಎರಡು ತುಂಬಿದ ಕೊಡ ಎತ್ತಿಕೊಂಡ. ಅವನ ಹಿಂದೆ ಮತ್ತೊಬ್ಬರು, ಅವರ ಹಿಂದೆ ಇನ್ನಿಬ್ಬರು. ನಾನು ತುಂಬುತ್ತಿದ್ದೆ, ಅವರು ಒಯ್ಯುತ್ತಿದ್ದರು. ಕುಬಸದ ಮನೆಗೆ ಕೇಳದೆಯೇ ಕೈಹಚ್ಚುವ ಈ ಜನ! ನನ್ನ ಕಣ್ಣು ತುಂಬಿ ಬಂತು. “ಇಂಥಾ ಓಣಿ ಎಲ್ಲಿ ಸಿಗ್ತೈತ್ರಿ!” ಎಂದು ಕ್ಯಾಮೆರಾದ ಕಡೆ ತಿರುಗಿ ಅತ್ತೆ.

ನಲವತ್ತು ನಿಮಿಷದ ನಂತರ ನಳ ಮತ್ತೆ ಕೆಮ್ಮಿ ನಿಂತಿತು. ನಾನು ತೊಯ್ದು ತೊಪ್ಪೆಯಾಗಿ, ವಿಜಯಿಯಾಗಿ, ಒಳಗೆ ಹೋದೆ.

ಅಡುಗೆಮನೆಯಲ್ಲಿ ಒಂದೂ ಕೊಡವಿಲ್ಲ. ಬಚ್ಚಲಲ್ಲಿ ಇಲ್ಲ. ಹಿತ್ತಲಿಗೆ ಹೋದೆ. ಅಲ್ಲಿ ನಮ್ಮ ಇಪ್ಪತ್ತು ಕೊಡಗಳು, ಎರಡು ಡ್ರಮ್ಮುಗಳು ಸಾಲಾಗಿ ನಿಂತಿದ್ದವು. ಗಿರಿಜಾ ತೊಳೆದು, ಒರೆಸಿ, ಬೋರಲು ಹಾಕಿ ಇಟ್ಟಿದ್ದಳು. ಒಳಗೆ ಹನಿ ನೀರಿಲ್ಲ!

ಫೋನು ಹೊಡೆದುಕೊಂಡಿತು. ಬೀಗಿತ್ತಿ. “ಬೀಗರೇ, ಎಲ್ಲಾ ನೋಡಿದ್ವಿ. ಎಷ್ಟು ನೀರು ತುಂಬಿದ್ರೀ! ಮೂವತ್ತಾದ ಮ್ಯಾಲೆ ನಾನು ಎಣಿಸೋದು ಬಿಟ್ಟೆ. ಇನ್ನು ನಮಗೇನೂ ಚಿಂತೆ ಇಲ್ಲ. ನಾಳೆ ಎಲ್ಲಾರೂ ಬರ್ತೀವಿ.”

ಟೀವಿಯಲ್ಲಿ ನನ್ನ ಮುಖವಿತ್ತು. ಕಣ್ಣಿನ ಹನಿಯ ಸುತ್ತ ಕೆಂಪು ವೃತ್ತ. ‘ಒಂದು ಕೊಡ ನೀರಿಗಾಗಿ ಉಪನ್ಯಾಸಕನ ಕಣ್ಣೀರು!’ ದೋಣಿ ಮಾತ್ರ ಇರಲಿಲ್ಲ.

ಗಿರಿಜಾ ಬಂದಳು. ನಾನು ನಡೆದದ್ದನ್ನು ಕಾಲಾನುಕ್ರಮದಲ್ಲಿ ವಿವರಿಸಿದೆ.

“ಕಟ್ಟಿ ಮ್ಯಾಲಿನ ಕೊಡಾ ಓಣ್ಯಾಗಿನವರ್ವು ರೀ,” ಎಂದಳು ಮೆಲ್ಲಗೆ. “ಅವರ ಮನಿ ದಿನ್ನಿ ಮ್ಯಾಲ, ನೀರು ಏರೂದಿಲ್ಲ. ಅದಕ್ಕಽ ಎಲ್ಲಾರೂ ನಮ್ಮ ಕಟ್ಟಿ ಮ್ಯಾಲ ಪಾಳಿಗೆ ಇಡ್ತಾರ. ನಮ್ಮದು ತುಂಬಿದ ಮ್ಯಾಲ ಅವರದು. ಒಂದೊಂದು ಕೊಡದ ಮ್ಯಾಲೂ ಹೆಸರು ಕೊರದೈತಿ. ಓದಾಕ ಬರೂದಿಲ್ಲೇನ್ರಿ ನಿಮಗ?”

ಸಾವಿರ ವರ್ಷದ ಹಳೆಯ ಶಾಸನವನ್ನು ತಡವರಿಸದೆ ಓದಬಲ್ಲವನು ನಾನು. ಕೊಡದ ಮೇಲಿನದನ್ನು ಓದಲಿಲ್ಲ!

ಅವಳು ಬೈದಿದ್ದರೆ ಚೆನ್ನಾಗಿತ್ತು. ಹಸಿರು ಬಳೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ನೀರಿನ ಟ್ಯಾಂಕರು ನಮ್ಮ ಓಣಿಯೊಳಗೆ ಬರಲಾರದು. ಓಣಿಯವರನ್ನು ಕೇಳೋಣವೆಂದರೆ, ಅವರೂ ಅಷ್ಟರಲ್ಲೇ ಎಂಟು ದಿನ ಕಳೆಯಬೇಕು. ಕೊನೆಗೆ ಗಿರಿಜಾ, “ಬೆಳಿಗ್ಗೆ ಎದ್ದು ಬೀಗರಿಗೆ ನಾನಽ ಹೇಳ್ತೇನಿ, ನಿಮ್ಮಲ್ಲೇ ಮಾಡ್ರಿ ಅಂತ,” ಎಂದು ಎದ್ದು ಹೋದಳು.

ನಸುಕಿನಲ್ಲಿ ಹೊರಬಾಗಿಲು ತೆರೆದೆ. ರವಿವಾರ ನಳ ಬರುತ್ತದೆ ಎಂಬ ನನ್ನ ನೆನಪಿಗೆ ಕೊನೆಯ ಅವಕಾಶ ಕೊಡೋಣವೆಂದು. ನಳ ಬಂದಿರಲಿಲ್ಲ.

ಕಟ್ಟೆಯ ತುಂಬ ಕೊಡಗಳಿದ್ದವು. ತುಂಬಿದ ಕೊಡಗಳು. ಕಟ್ಟೆಯಲ್ಲಿ ಜಾಗ ಸಾಲದೆ ಮೆಟ್ಟಿಲ ಮೇಲೆ, ಮೆಟ್ಟಿಲು ಸಾಲದೆ ಓಣಿಯ ಕಲ್ಲಿನ ಮೇಲೆ. ಒಂದೊಂದರ ಕೊರಳಿಗೂ ಅರಿಷಿಣ ಕುಂಕುಮ ಹಚ್ಚಿತ್ತು, ಬಾಯಲ್ಲಿ ಎರಡು ವೀಳ್ಯದೆಲೆ. ಯಾರೂ ಕಾಣಲಿಲ್ಲ. ಬೆಳಕು ಆಗಷ್ಟೇ ಇಳಿಯುತ್ತಿತ್ತು, ಪ್ರತಿ ಕೊಡದ ನೀರಿನಲ್ಲೂ ಒಂದು ಚೂರು ಆಕಾಶ ಅಲುಗಾಡುತ್ತಿತ್ತು.

ನಾನು ಕುಕ್ಕರುಗಾಲಲ್ಲಿ ಕೂತು ಹೆಸರುಗಳನ್ನು ಓದಿದೆ. ಒಂದರ ಮೇಲೆ ಬಸಣ್ಣನ ಹೆಂಡತಿಯ ತವರಿನ ಹೆಸರು. ಒಂದರ ಮೇಲೆ ನೀಲವ್ವಜ್ಜಿಯ ಗಂಡನ ಹೆಸರು. ಅವನು ತೀರಿಹೋಗಿ ಎಷ್ಟೋ ವರ್ಷವಾಯಿತು. ಮತ್ತೊಂದರ ಮೇಲೆ ಯಾರದೋ ಮದುವೆಯ ಉಡುಗೊರೆಯೆಂಬ ಬರಹ, ಅಕ್ಷರ ಅರ್ಧ ಸವೆದಿತ್ತು. ಯಾವ ಅರಮನೆಯ ಶಾಸನವನ್ನೂ ನಾನು ಹೀಗೆ ಉಸಿರು ಹಿಡಿದು ಓದಿದ ನೆನಪಿಲ್ಲ. ಹಿಂದೆ ಗಿರಿಜಾ ಬಂದು ನಿಂತಿದ್ದಳು. ಅವಳು ಮೊದಲ ಕೊಡ ಎತ್ತಿ ಒಳಗೆ ನಡೆದಳು.

ಕುಬಸ ನಮ್ಮ ಮನೆಯಲ್ಲೇ ಆಯಿತು. ಆರತಿ ಎತ್ತಿದರು, ಉಡಿ ತುಂಬಿದರು, ಅರವತ್ತು ಎಲೆ ಎಪ್ಪತ್ತಾದವು. ಬೀಗಿತ್ತಿ ಕೈತೊಳೆಯುತ್ತ, “ಎಷ್ಟು ನೀರು ನಿಮ್ಮೂರಾಗೆ!” ಎಂದು ಬೆರಗಾದರು. ಬಸಣ್ಣ ಎದ್ದು ನಿಂತು ಎಲ್ಲರೆದುರು ಹೇಳಿದ, “ತಮ್ಮ ಮನ್ಯಾಗ ಕಾರ್ಯ ಇಟ್ಟಕೊಂಡು, ಸರ ಮದಲ ನಮ್ಮ ಕೊಡಾ ತುಂಬಿ ಕೊಟ್ರು!”

ಚಪ್ಪಾಳೆ ಬಿತ್ತು. ಟೀವಿಯ ಸುಳ್ಳಿಗೆ ನಾಲ್ಕು ಫೋನು ಮಾಡಿದವನು ಈ ಸುಳ್ಳನ್ನು ನುಂಗುವುದು ಹೇಗೆ? ಎದ್ದೆ.

“ನಿಜ ಹೇಳ್ತೇನಿ. ಅದು ದೊಡ್ಡ ಮನಸಲ್ಲ, ಗಾಬರಿ. ಅವು ನಮ್ಮ ಕೊಡಾ ಅಂತ ತಿಳಕೊಂಡಿದ್ದೆ.”

“ಗೊತ್ತೈತಿ ಕುಂಡ್ರೋ,” ಎಂದಳು ನೀಲವ್ವಜ್ಜಿ. “ಮದಲ ನಂದು ಮದಲ ನಂದು ಅಂತ ಒದರಿದ್ದು ನಾವು ಕೇಳಿಲ್ಲೇನು? ಬೀಗರ ಮುಂದ ನಿನ್ನ ಮಾನಾ ಉಳಿಲಿ ಅಂತ ಬಸಣ್ಣ ಹಂಗ ಅಂದ. ಕುಬಸದ ಮನಿಗೆ ನೀರು ಕೊಡಾಕ ಅದೊಂದು ನೆಪ ಬೇಕೇನು? ಮತ್ತ ಟೀವ್ಯಾಗ ಏನಂದಿ? ಯಾರೂ ಓಡಿಲ್ಲಂತ? ನಿಮ್ಮವ್ವ ಕೊಡಾ ಹೊತ್ತು ಓಡತಿದ್ಲು, ಆಕಿ ಸೆರಗು ಹಿಡಕೊಂಡು ನೀನೂ ಓಡತಿದ್ದಿ. ದಿನಾ ಬೀಳತಿದ್ದಿ!”

ನನಗೆ ಒಂದು ಚೂರೂ ನೆನಪಿರಲಿಲ್ಲ. ಆದರೂ, ಜೀವಮಾನದಲ್ಲಿ ಮೊದಲ ಬಾರಿಗೆ, ಆಧಾರ ಕೇಳಬೇಕೆನಿಸಲಿಲ್ಲ. ಊಟದ ಜೊತೆ ಬಡಿಸಿದ್ದ ಲೋಟದ ಅಂಬಲಿಯನ್ನು ಗಟಗಟ ಕುಡಿದು, “ಅಜ್ಜಿ, ಅಂಬಲಿ ಭಾಳ ಛಲೋ ಆಗೇತಿ. ಯಾರು ಮಾಡಿದ್ದು?” ಎಂದು ಮಾತು ತಿರುಗಿಸಿದೆ.

“ನಾನಽ ಕಾಸಿ ತಂದೀನಿ. ಆದ್ರ ಹಿಟ್ಟು ಕಲಸಿದಾಂವ ನೀನು!” ಎಂದಳು. “ಪಾಳಿಗೆ ಇಡಾಕ ಬ್ಯಾರೆ ಪಾತ್ರಿ ಸಿಗದ, ಜ್ವಾಳದ ಹಿಟ್ಟಿನ ಡಬರಿನಽ ಮುಚ್ಚಿ ಇಟ್ಟಿದ್ದೆ. ಮುಚ್ಚಳ ತಗದು ಗಂಟಲಮಟಾ ನೀರು ಬಿಟ್ಟಿ. ನಾಲ್ಕು ದಿನದ ರೊಟ್ಟಿ ಹ್ವಾದವು!”

ಎಪ್ಪತ್ತು ಜನ ನಕ್ಕರು. ಎಲ್ಲರಿಗಿಂತ ಜೋರಾಗಿ ಗಿರಿಜಾ. ನಾನು ತಲೆ ತಗ್ಗಿಸಿ ಲೋಟ ಮುಂದೆ ಚಾಚಿದೆ. ಇನ್ನೊಂದು ಲೋಟ ಹಾಕಿದಳು ಅಜ್ಜಿ. ನಾನು ಸ್ವಂತ ಕೈಯಾರೆ ಮಾಡಿದ ಅಡುಗೆ, ಈ ಐವತ್ನಾಲ್ಕು ವರ್ಷದಲ್ಲಿ, ಅದೊಂದೇ.