ಜಡೆ ಹಾಕಿದವಳು, ಕೂದಲು ಬಿಚ್ಚಿದವಳು

ಮೊದಲು ಕುಲದೇವರಿಗೂ, ಅಕ್ಷರ ಕಲಿಸಿದ ಗುರುಗಳಿಗೂ, ನಮ್ಮ ಮನೆಯವರ ಶಾಸ್ತ್ರನಿಷ್ಠೆಗೂ ಕೃತಜ್ಞತೆಯಿಂದ ಕೈಮುಗಿಯುತ್ತೇನೆ. ಈ ಮೂರರ ಕೃಪೆ ಇಲ್ಲದಿದ್ದರೆ ನಾನು ಒಬ್ಬ ಸಜ್ಜನರ ಮುಂದೆ ತಲೆ ಎತ್ತುವಂತಿರಲಿಲ್ಲ.

ಮನುಷ್ಯನಿಗೆ ಇಳಿವಯಸ್ಸಿನಲ್ಲಿ ವೈರಾಗ್ಯ ಬರಬೇಕೆಂದು ಹಿರಿಯರು ಹೇಳುತ್ತಾರೆ. ನನಗೆ ಬಂದದ್ದು ಅಮೆರಿಕದ ಹಳೆಯ ತಾಮ್ರದ ನಾಣ್ಯಗಳ ಹುಚ್ಚು. ಡೊಂಬಿವಲಿಯ ಎರಡು ಕೋಣೆಯ ಮನೆಯಲ್ಲಿ ಕುಳಿತು, ಸಂಧ್ಯಾವಂದನೆ ಮುಗಿಸಿ, ಕಣ್ಣಿಗೆ ಭೂತಗನ್ನಡಿ ಏರಿಸಿ, ಆ ದೇಶದ ಆದಿಕಾಲದ ಸೆಂಟುಗಳನ್ನು ಪರೀಕ್ಷಿಸುವುದು ನನ್ನ ಎರಡನೆಯ ಜಪ. ಅವು ನಮ್ಮ ಹಳೆಯ ಬೆಳ್ಳಿ ರೂಪಾಯಿಯಷ್ಟು ಅಗಲ. ಒಂದು ಮುಖದಲ್ಲಿ ಸ್ವಾತಂತ್ರ್ಯದೇವಿ, ಕೆಲವದರಲ್ಲಿ ಜಡೆ ಹಾಕಿ, ಕೆಲವದರಲ್ಲಿ ಕೂದಲು ಬಿಚ್ಚಿ. ಅವಳ ಕೂದಲಿನ ಎಳೆಗಳು ಎಷ್ಟು ಉಳಿದಿವೆ ಎಂಬುದನ್ನು ಎಣಿಸಿ ನಾಣ್ಯಕ್ಕೆ ಎಪ್ಪತ್ತರೊಳಗೆ ದರ್ಜೆ ಕೊಡಬೇಕು; ನಲವತ್ತು ದಾಟಿದರೆ ಅದು ಉತ್ತಮ. ಎಲ್ಲಕ್ಕಿಂತ ಮುಖ್ಯವಾದದ್ದು ಬಣ್ಣ. ಕಾಲ ತಾನಾಗಿ ಲೇಪಿಸಿದ ಕಂದು ಬಣ್ಣವೇ ಅದರ ಪ್ರಾಣ. ಉಜ್ಜಿದರೆ ಪ್ರಾಣ ಹೋಯಿತು. ನಮ್ಮ ಮನೆಯವರ ಮತದಲ್ಲಿ ಉಜ್ಜದ ತಾಮ್ರ ಮೈಲಿಗೆ. ಈ ಎರಡು ದರ್ಶನಗಳು ಒಂದೇ ಸೂರಿನಡಿ ಬಾಳಿದ್ದವು, ಆ ಶ್ರಾವಣದವರೆಗೆ.

ಸಾನಪಾಡಾದ ಕಾಮತರು ಹಡಗಿನ ನೌಕರಿಯಿಂದ ನಿವೃತ್ತರಾದವರು, ನನ್ನ ಈ ಹುಚ್ಚಿನ ಏಕೈಕ ಸಹಪಾಠಿ. ಯಾವುದೋ ದೂರದ ಬಂದರಿನಲ್ಲಿ ಸಿಕ್ಕಿದ ಅತಿ ಅಪರೂಪದ ಸೆಂಟೊಂದನ್ನು ನನ್ನ ಕೈಗಿಟ್ಟು, "ನೀವೇ ದರ್ಜೆ ಹೇಳಿ ಮಾರಾಯ್ರೆ, ಶನಿವಾರ ಬೆಳಿಗ್ಗೆ ಬಂದು ಒಯ್ಯುತ್ತೇನೆ" ಎಂದು ಹೋಗಿದ್ದರು. ಅದನ್ನು ನನ್ನ ಡಬ್ಬಿಯಲ್ಲಿ, ನನ್ನ ಅತ್ಯುತ್ತಮ ಸೆಂಟಿನ ಪಕ್ಕದಲ್ಲೇ ಇಟ್ಟಿದ್ದೆ. ಆ ಡಬ್ಬಿಯಲ್ಲಿ ಇದ್ದವು ಅವೆರಡೇ.

ಶುಕ್ರವಾರ ವರಮಹಾಲಕ್ಷ್ಮಿ ವ್ರತ. ಸ್ನಾನ ಮಾಡಿ ಬಂದು ನೋಡಿದರೆ ಡಬ್ಬಿ ಬರಿದು. ಅಡುಗೆಮನೆಯ ಕಟ್ಟೆಯ ಮೇಲೆ ಹುಣಸೆಹಣ್ಣಿನ ಬಟ್ಟಲು. ಅದರಲ್ಲಿ ತಾಮ್ರ ತಿಕ್ಕಿದ ನೀರು. ಪೀಠದ ಮೇಲೆ ಕಲಶ. ಅದರ ಬಾಯಿಗೆ ತೆಂಗಿನಕಾಯಿ ಏರಿಯಾಗಿತ್ತು. ಆಗ ನೆನಪಾಯಿತು: ಹಿಂದಿನ ದಿನ ನಮ್ಮ ಮನೆಯವರು, "ಕಲಶಕ್ಕೆ ಹಾಕೋ ತಾಮ್ರದ ದುಡ್ಡನ್ನ ಕಲ್ಯಾಣದಲ್ಲಿರೋ ಮಗಳಿಗೆ ಕೊಟ್ಟುಬಿಟ್ಟೆ, ನಿಮ್ಮ ಡಬ್ಬೀಲಿ ಒಂದು ತಗೊಳ್ಲಾ?" ಎಂದು ಕೇಳಿದ್ದರು. ಭೂತಗನ್ನಡಿಯಲ್ಲಿ ಮುಳುಗಿದ್ದ ನಾನು "ಹೂಂ" ಎಂದಿದ್ದೆ.

ಸ್ಥಾಪನೆಯಾದ ಕಲಶವನ್ನು ಮರುದಿನದವರೆಗೆ ಕದಲಿಸುವಂತಿಲ್ಲ. ಪೂಜೆ ಮುಗಿಯುವ ತನಕ ಇವರು ಮೌನ. ಮಂತ್ರ ಹೇಳಬೇಕಾದವನು ನಾನೇ. ಅಷ್ಟೋತ್ತರದಲ್ಲಿ ಎಷ್ಟು ನಾಮ ನುಂಗಿದೆನೋ ಆ ತಾಯಿಗೇ ಗೊತ್ತು. ಮಂಗಳಾರತಿಯಾದ ಕೂಡಲೇ ಕೇಳಿದೆ, "ಯಾವುದನ್ನು ಹಾಕಿದೆ?"

"ಜಡೆ ಹಾಕಿದವಳನ್ನ."

"ಇನ್ನೊಬ್ಬಳು?"

"ಅಲ್ಲಾಂದ್ರೆ, ಮುತ್ತೈದೆಯರು ಬರೋ ಹಬ್ಬದಲ್ಲಿ ತಲೆ ಬಿಚ್ಚಿಕೊಂಡಿರೋವಳನ್ನ ಲಕ್ಷ್ಮಿ ಜೊತೆ ಕೂರಿಸ್ತಾರಾ? ಅವಳನ್ನ ಮುಟ್ಟೇ ಇಲ್ಲ. ಚೀಲದಲ್ಲಿ ಹಾಗೇ ಕನ್ನಡಿ ಹಿಂದೆ ಇಟ್ಟಿದೀನಿ."

ಕನ್ನಡಿಯ ಹಿಂದೆ ಕೈಹಾಕಿದೆ. ಹತ್ತಿಬಟ್ಟೆಯ ಚೀಲದಲ್ಲಿ, ಗಾಳಿಗೆ ಹಾರುವ ಕೂದಲಿನ ಆ ಕಂದು ಬಣ್ಣದ ಮಹಾತಾಯಿ ಕ್ಷೇಮವಾಗಿದ್ದಳು. ಅದು ಕಾಮತರದ್ದು. ನಿಂತಲ್ಲೇ ಇನ್ನೊಮ್ಮೆ ನಮಸ್ಕಾರ ಮಾಡಿದೆ. ಇವರು ಅದನ್ನು ಲಕ್ಷ್ಮಿಗೆ ಸಂದದ್ದೆಂದು ತಿಳಿದರು, ನಾನು ತಿದ್ದಲಿಲ್ಲ. ಬಲಿಯಾದವಳು ನನ್ನವಳು, ಎಂಟು ವರ್ಷ ಮನೆಗೆ ಬಂದವರಿಗೆಲ್ಲ ತೋರಿಸಿ "ಈ ಬಣ್ಣ ಒಂದೂವರೆ ಶತಮಾನದ ತಪಸ್ಸು" ಎಂದು ನಾನು ಕೊಂಡಾಡಿದವಳು. ಆದರೂ ಆ ರಾತ್ರಿ ಸುಖವಾಗಿ ನಿದ್ದೆ ಬಂತು. ನಮ್ಮದು ಹೋದರೆ ನಮ್ಮೊಳಗೇ ಅಳಬಹುದು.

ಶನಿವಾರ ಕಾಮತರು ಬಂದ ಹೊತ್ತಿಗೆ ಕಲಶ ವಿಸರ್ಜನೆಯಾಗುತ್ತಿತ್ತು. ಅಕ್ಕಿಯಿಂದ ಎದ್ದ ನನ್ನ ಸೆಂಟು ಹೊಸ ಚೊಂಬಿನಂತೆ ಹೊಳೆಯಿತು. ಕಾಮತರು ಅದನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಬೇಜಾರು ಮಾಡ್ಕೊಬೇಡಿ. ಈ ಗೀರು ಹುಣಸೆಹಣ್ಣಿನದ್ದಲ್ಲ, ಹಳೇದು. ಯಾರೋ ಯಾವಾಗ್ಲೋ ಗಸಗಸ ತಿಕ್ಕಿ, ಮೇಲೆ ಕಂದು ಬಣ್ಣ ಬಳಿದು ಮಾರಿದ್ದಾರೆ. ಆ ಬಳಿದದ್ದನ್ನ ಅಕ್ಕ ತೊಳೆದ್ರು, ಅಷ್ಟೆ. ಇದಕ್ಕೆ ನೀವೆಷ್ಟು ದರ್ಜೆ ಕೊಟ್ಟಿದ್ರಿ?"

"ಎಪ್ಪತ್ತಕ್ಕೆ ನಲವತ್ತೈದು."

ಕಾಮತರು ನಗು ನುಂಗಿ ಕಾಫಿ ಕುಡಿದರು. ಹೊರಡುವಾಗ ತಮ್ಮ ನಾಣ್ಯದ ದರ್ಜೆಯನ್ನು ನನ್ನಲ್ಲಿ ಕೇಳಲಿಲ್ಲ, ಅಡುಗೆಮನೆಯ ಬಾಗಿಲಿಗೆ ಹೋಗಿ, "ಅಕ್ಕಾ, ಇದು ಹೇಗುಂಟು?" ಎಂದರು.

"ತಲೆ ಬಾಚಿಲ್ಲ, ಆದ್ರೆ ಬಣ್ಣ ಸಾಚಾ" ಎಂದರು ಇವರು.

ಆ ತೀರ್ಪಿನ ಮೇಲೆ ನನ್ನದೇನೂ ಇಲ್ಲ. ಜಡೆಯವಳು ಈಗ ಪ್ರತಿ ವರ್ಷ ಕಲಶದಲ್ಲಿ ಕೂರುತ್ತಾಳೆ. ಅವಳಿಗೂ, ಬಿಚ್ಚುಗೂದಲಿನವಳಿಗೂ, ನನ್ನ ಮಾನ ಕಾಯ್ದ ಕಾಮತರಿಗೂ, ಹುಣಸೆಮರಕ್ಕೂ, ಬಣ್ಣ ಬಳಿದ ಆ ಅಜ್ಞಾತನಿಗೂ ಮಂಗಳವಾಗಲಿ. ನಮ್ಮ ಮನೆಯವರ ಸೌಭಾಗ್ಯ ದೀರ್ಘವಾಗಿರಲಿ. ಅದರಲ್ಲಿ ನನ್ನ ಆಯುಷ್ಯವೂ ಸೇರಿದೆ.